ಅನುವಾದಿಸದೆ ಬಿಟ್ಟ ಮಾತು

2023ರ ಸೆಪ್ಟೆಂಬರಿನ ಒಂದು ಬುಧವಾರ ರಾತ್ರಿ ಹಾಂಗ್‌ಕಾಂಗಿನ ಹ್ಯಾಪಿ ವ್ಯಾಲಿಯ ಟ್ರಾಮಿನಲ್ಲಿ ಅಮ್ಮ ಆಡಿದ ಒಂದು ಮಾತನ್ನು ನಾನು ಕ್ಯಾಂಟನೀಸಿಗೆ ತಿರುಗಿಸದೆ ನುಂಗಿಕೊಂಡೆ. ನಾಲ್ಕು ದಿನಗಳಾದರೂ ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ.

ನಾವು ಹೋಗಿದ್ದುದು ವಾಂಗ್ ನಾಯ್ ಚುಂಗ್ ರಸ್ತೆಯಲ್ಲಿರುವ ಹಿಂದೂ ದೇವಸ್ಥಾನಕ್ಕೆ. 1953ರಲ್ಲಿ ಕಟ್ಟಿದ ಈ ಗುಡಿಯ ಎದುರಿಗೇ ಹಾಂಗ್‌ಕಾಂಗಿನ ಹಳೆಯ ರೇಸ್ ಮೈದಾನವಿದೆ. ಅದೇ ರಸ್ತೆಯುದ್ದಕ್ಕೂ ಮುಸಲ್ಮಾನರ, ಕ್ಯಾಥೊಲಿಕರ, ಪಾರ್ಸಿಗಳ ಸಮಾಧಿಸ್ಥಳಗಳಿವೆ. ಗಣೇಶನ ಹಬ್ಬಕ್ಕೆ ಇನ್ನೊಂದು ವಾರವೂ ಉಳಿದಿರದ ಕಾರಣ ಪೂಜೆಯ ಹೊತ್ತನ್ನು ವಿಚಾರಿಸಿಕೊಂಡು ಬರಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಊರಿನಿಂದ ಬಂದು ತಿಂಗಳಾಗಿದ್ದರೂ ಹಿಂದಿನ ವಾರದ ಮಳೆಗೆ ಬೆದರಿ ಮನೆ ಬಿಟ್ಟು ಕದಲಿರಲಿಲ್ಲ. ಆ ಗುರುವಾರ ನಡುರಾತ್ರಿಯ ಮುಂಚಿನ ಒಂದೇ ಗಂಟೆಯಲ್ಲಿ ಇಲ್ಲಿ 158.1 ಮಿಲಿಮೀಟರ್ ಮಳೆ ಸುರಿದಿತ್ತು. 1884ರಲ್ಲಿ ಮಳೆಯ ಲೆಕ್ಕ ಇಡತೊಡಗಿದಾಗಿನಿಂದ ಅಷ್ಟು ಮಳೆ ಯಾವ ಗಂಟೆಯಲ್ಲೂ ಬಿದ್ದಿರಲಿಲ್ಲವಂತೆ. ಕುದುರೆ ರೇಸು ನಡೆಸುವ ಇಲ್ಲಿನ ಜಾಕಿ ಕ್ಲಬ್ ಹುಟ್ಟಿದ್ದೂ ಅದೇ 1884ರಲ್ಲಿ. ಅಂದರೆ ಈ ಊರು ಮಳೆಯನ್ನೂ ಕುದುರೆಯನ್ನೂ ಒಟ್ಟಿಗೇ ಎಣಿಸಲು ಕಲಿತಿದೆ.

ಮಂಗಳಾರತಿ ಮುಗಿಸಿ ಮೆಟ್ಟಿಲಿಳಿಯುವಾಗ ಎದುರಿನ ಮೈದಾನ ಹಗಲಾಗಿಬಿಟ್ಟಿತ್ತು. ಬೇಸಿಗೆಯ ಬಿಡುವು ಕಳೆದು ಹ್ಯಾಪಿ ವ್ಯಾಲಿಯಲ್ಲಿ ರೇಸು ಮತ್ತೆ ಶುರುವಾದ ರಾತ್ರಿ ಅದು. "ಏನೋ ಇದು, ಜಾತ್ರೇನಾ?" ಎಂದು ಅಮ್ಮ ಕೇಳಿದಳು. ಹೌದು, ಸೆಪ್ಟೆಂಬರಿನಿಂದ ಜುಲೈ ನಡುವಿನವರೆಗೆ ಹೆಚ್ಚುಕಡಿಮೆ ಪ್ರತಿ ಬುಧವಾರವೂ ಇಲ್ಲಿ ಜಾತ್ರೆಯೇ ಎಂದೆ.

ಟ್ರಾಮಿನ ಕೆಳಗಿನ ಅಂತಸ್ತಿನಲ್ಲಿ ನಮಗೆ ಎದುರಾದವರು ನಮ್ಮ ಕಟ್ಟಡದಲ್ಲಿ ಕಾವಲುಗಾರರಾಗಿದ್ದು ಕಳೆದ ವರ್ಷ ನಿವೃತ್ತರಾದ ಹಿರಿಯರು. ವಯಸ್ಸಾದ ಗಂಡಸರನ್ನು ಇಲ್ಲಿನವರು ಕರೆಯುವಂತೆ ನಾನೂ ಅವರನ್ನು ಆ-ಪಾಕ್ ಎನ್ನುತ್ತೇನೆ. ಕಂಕುಳಲ್ಲಿ ರೇಸಿನ ಪತ್ರಿಕೆ, ಕಿವಿಯ ಹಿಂದೆ ತುಂಡು ಪೆನ್ಸಿಲ್ಲು. ನನ್ನ ಹರಕು ಕ್ಯಾಂಟನೀಸಿಗೆ ಎಂದೂ ನಗದ ಕೆಲವೇ ಜನರಲ್ಲಿ ಅವರೊಬ್ಬರು. ಆ ಒಂದು ಕಾರಣಕ್ಕೇ ಅವರ ನೂರು ತಪ್ಪುಗಳನ್ನು ನಾನು ಮಾಫಿ ಮಾಡಬಲ್ಲೆ. ಅಮ್ಮನಿಗೆ ತಲೆಬಾಗಿ ವಂದಿಸಿ, ಜೋರಾಗಿ ನಕ್ಕು, "ಇವತ್ತು 400 ಡಾಲರ್ ದಾನ ಮಾಡಿ ಬಂದೆ" ಎಂದರು.

ಜಾಕಿ ಕ್ಲಬ್ಬಿನಲ್ಲಿ ಸೋತವರು ಹೀಗೆ ಹೇಳುವುದು ಇಲ್ಲಿ ರೂಢಿ. ಆದರೆ ನಾನು ನಗೆಯನ್ನು ಬಿಟ್ಟು ಮಾತನ್ನಷ್ಟೇ ಕನ್ನಡಕ್ಕೆ ತಂದೆ. ಅಮ್ಮ ಕೂಡಲೇ ಕೈಮುಗಿದಳು. "ಪುಣ್ಯಾತ್ಮರು. ಯಾರಿಗೆ ಕೊಟ್ಟರಂತೆ?"

ಅದನ್ನು ಅವರಿಗೆ ಹೇಳಿದೆ. ಆ-ಪಾಕ್ ಅವರಿಗೆ ನಗು ತಡೆಯಲಾಗಲಿಲ್ಲ. "ನಾನು ಕುದುರೆಗೆ ಕೊಟ್ಟೆ, ಕುದುರೆ ಆಸ್ಪತ್ರೆಗೆ ಕೊಡುತ್ತದೆ" ಎಂದು ಹೇಳಿ, ತಮ್ಮ ಹೆಂಡತಿ ದಿನವೂ ಹೋಗುವ ವೃದ್ಧರ ಕೇಂದ್ರದ ಹೆಸರು, ಮೊಮ್ಮಗ ಓದಿದ ಶಾಲೆಯ ಹೆಸರು ಎಲ್ಲವನ್ನೂ ಬೆರಳು ಮಡಚಿ ಎಣಿಸಿದರು. ಎಲ್ಲ ಹೆಸರುಗಳಲ್ಲೂ ಜಾಕಿ ಕ್ಲಬ್ ಇತ್ತು. ಅಮ್ಮನಿಗೆ ಅರ್ಥವಾಯಿತು. ಟ್ರಾಮು ತಿರುವು ದಾಟುವವರೆಗೆ ಸುಮ್ಮನಿದ್ದು, ಅವರ ಮುಖವನ್ನು ನೋಡುತ್ತಲೇ ನನಗೆ ಹೇಳಿದಳು: "ಹಾಗಾದ್ರೆ ನಮ್ಮಣ್ಣ ಕಳ್ಕೊಂಡಿದ್ದು ಯಾವ ಆಸ್ಪತ್ರೆ ಆಯ್ತು, ಕೇಳೋ ಅವರನ್ನ."

ಆ-ಪಾಕ್ ನನ್ನ ಬಾಯಿಯನ್ನೇ ನೋಡುತ್ತ ಕಾದರು. "ಮುಂದಿನ ವಾರ ನೀವು ಗೆಲ್ಲಲಿ ಎಂದು ಅಮ್ಮ ಹರಸುತ್ತಿದ್ದಾಳೆ" ಎಂದೆ. ಅವರು ಎರಡೂ ಕೈ ಜೋಡಿಸಿ ಅಮ್ಮನಿಗೆ ನಮಸ್ಕರಿಸಿದರು. ಅಮ್ಮ ನನ್ನನ್ನು ನೋಡಿದಳು. ಅವಳಿಗೆ ಕ್ಯಾಂಟನೀಸ್ ಒಂದಕ್ಷರವೂ ಬಾರದು. ಆದರೆ ಅವಳು ಕೇಳಿದ ಪ್ರಶ್ನೆಗೆ ಯಾರೂ ಹಾಗೆ ಸಂತೋಷದಿಂದ ಕೈಮುಗಿಯಲಾರರೆಂಬುದು ತಿಳಿಯಲು ಭಾಷೆ ಬೇಕಿರಲಿಲ್ಲ.

ನಾನು ಲೆಕ್ಕಪತ್ರಗಳನ್ನು ಓದಿ ಹೊಟ್ಟೆ ಹೊರೆಯುವವನು. ಹಾಗಾಗಿ ಆ ರಾತ್ರಿ ಮನೆಗೆ ಬಂದವನೇ, ನಾಚಿಕೆಯನ್ನು ಮರೆಯಲೋ ಎಂಬಂತೆ, ಕ್ಲಬ್ಬಿನ 2022-23ರ ಅಂಕಿಅಂಶಗಳನ್ನು ತೆರೆದು ಕುಳಿತೆ. ಒಂದು ವರ್ಷದಲ್ಲಿ ಸಮಾಜಕ್ಕೆ ಹಿಂದಿರುಗಿಸಿದ್ದು 3,590 ಕೋಟಿ ಹಾಂಗ್‌ಕಾಂಗ್ ಡಾಲರ್. ನಮ್ಮ ರೂಪಾಯಿಯಲ್ಲಿ ಆಗ ಸುಮಾರು 38,000 ಕೋಟಿ. ಅದರಲ್ಲಿ 2,860 ಕೋಟಿ ಡಾಲರ್ ಬಾಜಿ ಸುಂಕ, ಲಾಭದ ಮೇಲಿನ ತೆರಿಗೆ ಮತ್ತು ಲಾಟರಿ ನಿಧಿಯ ರೂಪದಲ್ಲಿ ಸರ್ಕಾರಕ್ಕೆ ಹೋಗಿದೆ. 730 ಕೋಟಿ ಡಾಲರ್ ದಾನಕ್ಕೆಂದು ಮಂಜೂರಾಗಿದೆ. ಇಡೀ ಹಾಂಗ್‌ಕಾಂಗಿನಲ್ಲಿ ಅತಿ ಹೆಚ್ಚು ತೆರಿಗೆ ಕಟ್ಟುವ ಸಂಸ್ಥೆ ಇದೇ. ಕುದುರೆ ಬಾಜಿ, 2003ರಿಂದ ಫುಟ್‌ಬಾಲ್ ಬಾಜಿ, ಮಾರ್ಕ್ ಸಿಕ್ಸ್ ಎಂಬ ಲಾಟರಿ, ಈ ಮೂರನ್ನೂ ನಡೆಸಲು ಕಾನೂನಿನ ಒಪ್ಪಿಗೆ ಇರುವುದು ಇದೊಂದಕ್ಕೇ, ಮತ್ತು ಇದಕ್ಕೆ ಲಾಭ ಹಂಚಿಕೊಳ್ಳುವ ಷೇರುದಾರರಿಲ್ಲ. ಇದು ಸಾಲದೆಂಬಂತೆ, ಫುಟ್‌ಬಾಲ್ ಬಾಜಿಯ ಮೇಲೆ ವರ್ಷಕ್ಕೆ 240 ಕೋಟಿ ಡಾಲರಿನಂತೆ ಐದು ವರ್ಷಗಳ ವಿಶೇಷ ಸುಂಕವನ್ನು ಸರ್ಕಾರ 2023ರಲ್ಲಿ ಹೇರಿತು.

ನಮ್ಮ ಕಚೇರಿಯಲ್ಲಿ ಈ ಕ್ಲಬ್ಬಿನ ಸದಸ್ಯತ್ವ ಪಡೆದ ಹಿರಿಯರೊಬ್ಬರಿದ್ದಾರೆ. ಅವರು ಕುದುರೆಯ ಮಾತೆತ್ತುವ ಮುನ್ನ ದಾನದ ಮಾತೆತ್ತುತ್ತಾರೆ. ಊಟದ ಬಿಲ್ಲಿನ ಮಾತನ್ನಂತೂ ಎತ್ತುವುದೇ ಇಲ್ಲ. ಆ-ಪಾಕ್ ಹೇಳಿದ ಮಾತನ್ನೇ ಇವರು ಸೂಟು ತೊಟ್ಟು ಹೇಳುತ್ತಾರೆ ಎಂದು ನನಗೆ ಆ ರಾತ್ರಿ ಅನ್ನಿಸಿತು. ಒಂದೇ ವ್ಯತ್ಯಾಸವೆಂದರೆ, ಆ-ಪಾಕ್ ಹೇಳುವಾಗ ನಗುತ್ತಾರೆ.

ಆ 400 ಡಾಲರಿನ ದಾನ ಎಲ್ಲಿಗೆ ಹೋಯಿತೆಂದು ಕಾಗದದ ಮೇಲೆ ಹಾಕಿ ನೋಡಿದೆ. ಇಲ್ಲಿನ ಕುದುರೆ ಬಾಜಿಯಲ್ಲಿ ಎಲ್ಲರ ಹಣವೂ ಒಂದು ಕೊಪ್ಪರಿಗೆಗೆ ಬೀಳುತ್ತದೆ. ಗೆದ್ದವನಿಗೆ ದುಡ್ಡು ಕೊಡುವವನು ಸೋತವನೇ ಹೊರತು ಕ್ಲಬ್ ಅಲ್ಲ. ಗೆಲ್ಲುವ ಕುದುರೆಯ ಮೇಲಿನ ಸಾದಾ ಬಾಜಿಯಲ್ಲಿ ನೂರಕ್ಕೆ 82.5 ಡಾಲರು ಗೆದ್ದವರಿಗೆ ಮರಳುತ್ತದೆ. ಉಳಿದ 17.5ರಲ್ಲಿ ಶೇಕಡಾ 72.5ರಿಂದ 75ರವರೆಗೆ ಸರ್ಕಾರ ಸುಂಕವಾಗಿ ಎತ್ತಿಕೊಳ್ಳುತ್ತದೆ. ಅಂದರೆ ಆ-ಪಾಕ್ ಅವರ 400ರಲ್ಲಿ 330 ಡಾಲರು ಪಕ್ಕದಲ್ಲಿ ಬಿಯರು ಹಿಡಿದು ಕುಣಿಯುತ್ತಿದ್ದ ಯಾವನೋ ಒಬ್ಬನ ಜೇಬು ಸೇರಿತು. 50 ಡಾಲರಿಗಿಂತ ತುಸು ಹೆಚ್ಚು ಸರ್ಕಾರದ ಬೊಕ್ಕಸಕ್ಕೆ ಹೋಯಿತು. ಮಿಕ್ಕ ಇಪ್ಪತ್ತರ ಒಳಗಿನ ಮೊತ್ತದಲ್ಲೇ ಬಹುಮಾನದ ಹಣ, ನೌಕರರ ಸಂಬಳ, ಮೈದಾನದ ಹುಲ್ಲು ಎಲ್ಲವೂ ಕಳೆದು, ಆಮೇಲೆ ಉಳಿದದ್ದು ದಾನ. ಅವರ ಹೆಂಡತಿಯ ಕೇಂದ್ರದಲ್ಲಿ ಒಂದು ಲೋಟ ಚಹಾಕ್ಕೆ ಅದು ಸಾಕಾದೀತೇ ಎಂದು ಯೋಚಿಸಿ, ಆ ಯೋಚನೆಯ ಸಣ್ಣತನಕ್ಕೆ ನನ್ನ ಮೇಲೆ ನನಗೇ ಬೇಸರವಾಯಿತು.

ಲೆಕ್ಕಿಗನಾಗಿ ಒಂದು ಮಾತನ್ನು ಹೇಳಲೇಬೇಕು. ಈ ಏರ್ಪಾಡು ಜಾಣತನದ್ದು. 2006ರಲ್ಲಿ ಇಲ್ಲಿನ ಸರ್ಕಾರ ಕುದುರೆ ಬಾಜಿಯ ಒಟ್ಟು ಮೊತ್ತಕ್ಕೆ ಸುಂಕ ಹಾಕುವುದನ್ನು ಬಿಟ್ಟು, ಗೆದ್ದವರಿಗೆ ಕೊಟ್ಟು ಉಳಿದದ್ದರ ಮೇಲೆ ಹಾಕತೊಡಗಿತು. ಕಳ್ಳ ಬುಕ್ಕಿಗಳ ಕಡೆ ಹರಿಯುತ್ತಿದ್ದ ಹಣವನ್ನು ತಿರುಗಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ನಮ್ಮಲ್ಲಿಯಾದರೋ 2023ರ ಅಕ್ಟೋಬರ್ 1ರಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇಕಡಾ 28 ಜಿಎಸ್‌ಟಿ ಬಿತ್ತು. ಅದರಿಂದ ಯಾರು ಆಟ ಬಿಡುತ್ತಾರೆ, ಯಾರು ಕತ್ತಲೆಯ ಕಡೆಗೆ ಸರಿಯುತ್ತಾರೆ ಎಂಬುದನ್ನು ಊಹಿಸಲು ಲೆಕ್ಕಿಗನೇ ಆಗಬೇಕಾಗಿಲ್ಲ.

ನನ್ನ ದೊಡ್ಡಮಾವನಿದ್ದದ್ದು ಆ ಕತ್ತಲೆಯಲ್ಲಿಯೇ. ಅವನು ಆಡುತ್ತಿದ್ದುದು ಕುದುರೆಯನ್ನಲ್ಲ, ಓಸಿಯನ್ನು. ಓಪನ್ನಿಗೊಂದು, ಕ್ಲೋಸಿಗೊಂದು ಅಂಕಿಯನ್ನು ಸಿಗರೇಟು ಪ್ಯಾಕಿನ ಚೂರಿನ ಮೇಲೆ ಬರೆದು ಬೀಡಾ ಅಂಗಡಿಯವನ ಕೈಗೆ ಕೊಡುವ ಆ ಆಟದಲ್ಲಿ ಮೊದಲು ಅಮ್ಮನ ನಾಲ್ಕೆಳೆ ಸರ ಹೋಯಿತು, ಆಮೇಲೆ ಎರಡೆಕರೆ ಅಡಿಕೆ ತೋಟ ಹೋಯಿತು. ಆ ಹಣಕ್ಕೆ ವಾರ್ಷಿಕ ವರದಿ ಇರಲಿಲ್ಲ. ಅದರಿಂದ ಯಾವ ಶಾಲೆಗೂ ಹಂಚು ಬೀಳಲಿಲ್ಲ. ಜಾಕಿ ಕ್ಲಬ್ಬಿನ ಪರವಾಗಿ ವಾದಿಸುವವರಿಗೆ ನನ್ನ ಮಾವನಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು: ಜನ ಆಡುವುದನ್ನು ಬಿಡುವುದಿಲ್ಲವೆಂದಾದರೆ, ಕಳೆದುಕೊಂಡದ್ದು ಊರಿಗಾದರೂ ದಕ್ಕಲಿ. ಆದರೆ ಅಮ್ಮ ಅದನ್ನು ವಾದವಾಗಿ ಹೇಳಿರಲಿಲ್ಲ. ಅವಳ ದನಿಯಲ್ಲಿ ಇದ್ದದ್ದು ಹೊಟ್ಟೆಯುರಿಯೋ ಆಕ್ಷೇಪವೋ ಎಂದು ಆ ವಾಕ್ಯವನ್ನು ಹತ್ತಾರು ಸಲ ಮನಸ್ಸಿನಲ್ಲಿ ಹೇಳಿಕೊಂಡು ನೋಡಿದೆ. "ಯಾವ ಆಸ್ಪತ್ರೆ ಆಯ್ತು" ಎಂಬಲ್ಲಿ ಒತ್ತು ಕೊಟ್ಟರೆ ಒಂದು ಅರ್ಥ; "ನಮ್ಮಣ್ಣ" ಎಂಬಲ್ಲಿ ಒತ್ತು ಕೊಟ್ಟರೆ ಬೇರೆಯೇ ಅರ್ಥ.

ಅಜ್ಜಿ ನಮಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳುತ್ತಿದ್ದಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇಷ್ಟು ನಮ್ಮದಲ್ಲ, ತಂದಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಆಕೆ. ದಾಸೋಹಕ್ಕೆ ಬಳಸುವ ಅಕ್ಕಿಯೇ ಆದರೂ ಅದು ಎಲ್ಲಿಂದ ಬಂತು ಎಂಬುದನ್ನು ಮೊದಲು ಕೇಳಬೇಕೆಂಬ ಆ ಹಟದಲ್ಲಿ ಬೆಳೆದವಳು ನನ್ನಮ್ಮ. ನಾನು ಓದುವ ವರದಿಗಳಲ್ಲಿ ಹಣ ಎಲ್ಲಿಗೆ ಹೋಯಿತೆಂಬುದಕ್ಕೆ ಪುಟಗಟ್ಟಲೆ ಚಿತ್ರಗಳಿರುತ್ತವೆ: ಗಾಲಿಕುರ್ಚಿಯಲ್ಲಿ ನಗುವ ಅಜ್ಜಿ, ಹೊಸ ಪ್ರಯೋಗಾಲಯದಲ್ಲಿ ಕನ್ನಡಕ ಹಾಕಿದ ಹುಡುಗಿ. ಅದು ಯಾರಿಂದ ಬಂತು ಎಂಬುದಕ್ಕೆ ಮಾತ್ರ ಒಂದೇ ಸಾಲು, ಅದೂ ಅಂಕಿಯಲ್ಲಿ. ಫುಟ್‌ಬಾಲ್ ಬಾಜಿಗೆ ಒಪ್ಪಿಗೆ ಸಿಕ್ಕ 2003ರಲ್ಲಿಯೇ ಜೂಜಿನ ಚಟಕ್ಕೆ ಬಿದ್ದವರ ಆಪ್ತ ಸಲಹೆಗಾಗಿ ಪಿಂಗ್ ವೋ ನಿಧಿಯನ್ನು ಸ್ಥಾಪಿಸಿದರು. ಅದಕ್ಕೆ ಹಣ ಕೊಡುವುದೂ ಇದೇ ಕ್ಲಬ್. ಅಲ್ಲಿಗೆ ಹೋಗಿ ಕುಳಿತವನಿಗೆ ತನ್ನ ಎದುರಿನ ಕುರ್ಚಿಯ ಬಾಡಿಗೆಯಲ್ಲಿ ತನ್ನದೂ ಪಾಲಿದೆ ಎಂದು ಹೊಳೆಯುತ್ತದೆಯೋ ಏನೋ.

ಆ-ಪಾಕ್ ದಾನಿಯೇ? ಗೆಲ್ಲಬೇಕೆಂದು ಹೋದವರು ಅವರು; ಗೆದ್ದಿದ್ದರೆ ವೃದ್ಧರ ಕೇಂದ್ರದ ನೆನಪೂ ಬರುತ್ತಿರಲಿಲ್ಲ. ಹಾಗಾದರೆ ಕ್ಲಬ್ ದಾನಿಯೇ? ಅದು ಕೊಟ್ಟದ್ದು ಇವರಂಥವರು ಬಿಟ್ಟುಹೋದದ್ದನ್ನು. ಪುಣ್ಯವೆಂಬುದೊಂದು ಇದ್ದರೆ, ಈ 730 ಕೋಟಿ ಡಾಲರಿನ ಪುಣ್ಯ ವಾರಸುದಾರರಿಲ್ಲದೆ ಎಲ್ಲೋ ಬಿದ್ದಿರಬೇಕು. ಆದರೂ ಸೋತು ಮನೆಗೆ ಹೋಗುವ ಎಪ್ಪತ್ತು ದಾಟಿದ ಮನುಷ್ಯನಿಗೆ ಹೆಂಡತಿಯ ಮುಂದೆ ಹೇಳಿಕೊಳ್ಳಲು ಒಂದು ಮಾತನ್ನು ಈ ಊರು ಒದಗಿಸಿದೆ. ನನ್ನ ಮಾವನಿಗೆ ಅಂಥ ಒಂದು ಮಾತೂ ಸಿಕ್ಕಲಿಲ್ಲ. ಅವನು ಹಿತ್ತಲ ಬಾಗಿಲಿನಿಂದ ಮನೆಯೊಳಗೆ ಬರುತ್ತಿದ್ದ. ಅಮ್ಮ ಕೇಳಿದ್ದು ಇದನ್ನೇ ಇರಬೇಕೆಂದು ಶುಕ್ರವಾರದ ಹೊತ್ತಿಗೆ ನನಗೆ ಅನ್ನಿಸತೊಡಗಿತು. ನಾನು ಅದನ್ನು ಆ-ಪಾಕ್ ಅವರಿಗೆ ದಾಟಿಸಿದ್ದರೆ ಅವರು ನೊಂದುಕೊಳ್ಳುತ್ತಿದ್ದರೆಂದು ಯಾಕೆ ಭಾವಿಸಿದೆನೋ ತಿಳಿಯದು. ಜೂಜಾಡುವವರಿಗೆ ಇನ್ನೊಬ್ಬ ಜೂಜುಗಾರನ ಕಥೆ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಬಹುಶಃ ನಾನು ಕಾಪಾಡಿದ್ದು ಅವರನ್ನಲ್ಲ, ಹರಕು ಭಾಷೆಯಲ್ಲಿ ಮನೆಯ ಕಥೆ ಬಿಚ್ಚಬೇಕಾಗಿದ್ದ ನನ್ನನ್ನು.

ಭಾನುವಾರ ಅಮ್ಮನನ್ನು ಸೆಂಟ್ರಲ್‌ನ ತಾಯ್ ಕ್ವುನ್‌ಗೆ ಕರೆದುಕೊಂಡು ಹೋದೆ. ಹಳೆಯ ಪೊಲೀಸ್ ಠಾಣೆ, ನ್ಯಾಯಾಲಯ, ಸೆರೆಮನೆಗಳನ್ನು ಜೀರ್ಣೋದ್ಧಾರ ಮಾಡಿ 2018ರಲ್ಲಿ ಜನರಿಗೆ ತೆರೆದಿಟ್ಟ ಜಾಗ ಅದು. ಒಳಗೆ ಕಾಲಿಡಲು ದುಡ್ಡು ಕೊಡಬೇಕಾಗಿಲ್ಲ. ಪೊಲೀಸರು ಕವಾಯತು ಮಾಡುತ್ತಿದ್ದ ಅಂಗಳದಲ್ಲಿ ಒಂದು ದೊಡ್ಡ ಮಾವಿನ ಮರವಿದೆ. ಅದು ಚೆನ್ನಾಗಿ ಕಾಯಿ ಬಿಟ್ಟ ವರ್ಷ ಠಾಣೆಯವರಿಗೆ ಬಡ್ತಿ ಸಿಗುತ್ತದೆಂಬ ನಂಬಿಕೆ ಹಿಂದೆ ಇತ್ತಂತೆ. ಅಮ್ಮ ಕಟ್ಟಡಗಳ ಕಡೆ ತಿರುಗಿಯೂ ನೋಡದೆ ನೇರವಾಗಿ ಆ ಮರದ ಬಳಿಗೆ ಹೋಗಿ, ಎಷ್ಟೋ ದಿನಗಳ ಮೇಲೆ ನಂಟರು ಸಿಕ್ಕವಳಂತೆ ಅದರ ಕೆಳಗೆ ಕುಳಿತಳು.

"ಇದನ್ನೆಲ್ಲ ಯಾರು ಮಾಡಿಸಿದ್ದು?"

ಈ ಸಲ ಬಚ್ಚಿಡಲಿಲ್ಲ. ಬುಧವಾರ ನೋಡಿದ ಕುದುರೆ ಜಾತ್ರೆಯವರೇ, 380 ಕೋಟಿ ಡಾಲರ್ ಸುರಿದಿದ್ದಾರೆ ಎಂದೆ. ಅವಳು ಅಂಗಳದಲ್ಲಿ ಓಡಾಡುವ ಮಕ್ಕಳನ್ನು, ಮೆಟ್ಟಿಲ ಮೇಲೆ ಕುಳಿತು ಬುತ್ತಿ ಬಿಚ್ಚಿದ್ದ ಹುಡುಗಿಯರನ್ನು ಒಂದಿಷ್ಟು ಹೊತ್ತು ನೋಡಿದಳು.

"ಇದರಲ್ಲಿ ನಮ್ಮಣ್ಣಂದು ಇಲ್ಲ ಬಿಡು" ಎಂದಳು.

ಗಾಳಿಗೋ ಮಳೆಗೋ ಕೆಲವು ಎಲೆಗಳು ಹಸಿರಾಗಿಯೇ ಉದುರಿದ್ದವು. ಮರಕ್ಕೆ ಕೈ ಹಾಕದೆ, ನೆಲದ ಮೇಲಿದ್ದವುಗಳಲ್ಲಿ ಸೀಳಿಲ್ಲದ ಐದನ್ನು ಹುಡುಕಿ ಆಯ್ದು ಸೆರಗಿಗೆ ಒರೆಸಿಕೊಂಡಳು. ಹಬ್ಬದ ತೋರಣಕ್ಕೆ ಐದೇ ಸಾಕೇ ಎಂದು ಕೇಳಿದೆ. ಬಾಡಿಗೆ ಮನೆಯ ಬಾಗಿಲು ಚಿಕ್ಕದಿದೆ, ಸಾಕು ಎಂದಳು.