ಮಂಚ್‌ಕಿನ್, ಮರ್ಡರ್‌ಹೋಬೋ, ರೂಲ್ಸ್ ಲಾಯರ್: ಬೈಗುಳದ ಹಿಂದೆ ಯಾವ ನಿಯಮ ಉಂಟು?

"ಅವ ದೊಡ್ಡ ಮಂಚ್‌ಕಿನ್ ಮಾರಾಯ, ಅವನನ್ನು ಆಟಕ್ಕೆ ಕರೀಬೇಡ."

ಮಣಿಪಾಲದ ಹಾಸ್ಟೆಲ್ ಕೋಣೆ ಇರಲಿ, ಕದ್ರಿಯ ಯಾರದೋ ಮನೆಯ ಊಟದ ಮೇಜು ಇರಲಿ, ದಾಳ ಉರುಳಿಸುತ್ತ ಪಾತ್ರ ಮಾಡಿ ಕತೆ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ನಡೆಯುವಲ್ಲಿ ಇಂಥ ಒಂದು ಮಾತು ಬಂದೇ ಬರುತ್ತದೆ. ಆಟ ಹುಟ್ಟಿದ್ದು 1974ರಲ್ಲಿ. 1980ರ ಹೊತ್ತಿಗೆ ಗ್ಲೆನ್ ಬ್ಲಾಕೋ ಎಂಬವರು ಆಟದ ಸ್ವಭಾವವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಲೇಖನ ಬರೆದಾಗಿತ್ತು: ಬಲ ಬೆಳೆಸುವುದು, ಪಾತ್ರ ಮಾಡುವುದು, ಯುದ್ಧತಂತ್ರ ಹೂಡುವುದು, ಕತೆ ಕಟ್ಟುವುದು. ಅವರದು ಸಮಾಧಾನದ ವಿಂಗಡಣೆ. ಮೇಜಿನ ಸುತ್ತ ಓಡಾಡುವ ಹೆಸರುಗಳಿಗೆ ಆ ಸಮಾಧಾನ ಇಲ್ಲ. ನಮ್ಮ ತಕರಾರು ಇಷ್ಟೆ: ಈ ಹೆಸರುಗಳೆಲ್ಲ ಆಟಗಾರನ ಬುದ್ಧಿಯನ್ನು ಬೈಯುತ್ತವೆ, ಆದರೆ ಹತ್ತರಲ್ಲಿ ಏಳೆಂಟು ಸಲ ಅವನಿಗೆ ಆ ಬುದ್ಧಿ ಕಲಿಸಿದ್ದು ನಾವು ಇಟ್ಟುಕೊಂಡ ಯಾವುದೋ ಒಂದು ನಿಯಮ.

ಮೊದಲು ಮಂಚ್‌ಕಿನ್. ಶಬ್ದ ಬಂದದ್ದು ಓಜ಼್ ಎಂಬ ಮಾಯಾಲೋಕದ 1900ರ ಮಕ್ಕಳ ಕತೆಯಿಂದ, ಅಲ್ಲಿನ ಕುಳ್ಳ ಜನರ ಹೆಸರು ಅದು. ಎಲ್ಲರೂ ಸೇರಿ ಆಡುವ ಆಟದಲ್ಲಿ ತಾನೊಬ್ಬನೇ ಗೆಲ್ಲಬೇಕು ಎಂದು ಹಟ ಹಿಡಿಯುವವನಿಗೆ ಅದು ಅಂಟಿಕೊಂಡಿತು. 2001ರಲ್ಲಿ ಅದೇ ಹೆಸರಿನ ಇಸ್ಪೀಟಿನಂಥ ಆಟವೂ ಬಂತು: ರಾಕ್ಷಸನನ್ನು ಕೊಲ್ಲು, ಗಂಟು ಹೊಡಿ, ಗೆಳೆಯನ ಬೆನ್ನಿಗೆ ಚೂರಿ ಹಾಕು, 10ನೇ ಲೆವೆಲ್ ಮುಟ್ಟಿದವ ಗೆದ್ದ.

ಬೇಡದ ಗುಣ ತಗ್ಗಿಸಿ ಬೇಕಾದದ್ದನ್ನು ತುದಿಗೇರಿಸುವ, ಅಂದರೆ ಮಿನ್-ಮ್ಯಾಕ್ಸ್ ಮಾಡುವವನನ್ನೂ ಇದೇ ಹೆಸರಿನಿಂದ ಬೈಯುವುದು ಅನ್ಯಾಯ. ಅವನು ಕಳ್ಳನಲ್ಲ, ಲೆಕ್ಕದವನು. ಐದನೇ ಆವೃತ್ತಿಯಲ್ಲಿ ಪಾತ್ರದ ಆರು ಗುಣಗಳಿಗೆ ಹಂಚಲು 27 ಪಾಯಿಂಟ್ ಉಂಟು. 8 ಪುಕ್ಕಟೆ, 13ಕ್ಕೆ 5 ಪಾಯಿಂಟ್, 14ಕ್ಕೆ 7, 15ಕ್ಕೆ 9. ಮೂರು 15 ಕೊಂಡರೆ 27 ಖಾಲಿ, ಉಳಿದ ಮೂರೂ 8. ಇದನ್ನು ನೋಡಿದ ಕೂಡಲೇ "ಬುದ್ಧಿ 8 ಅಂದರೆ ಪೆದ್ದ, ಪೆದ್ದನ ಹಾಗೆ ಮಾತಾಡು" ಎಂದು ಉಳಿದವರು ಬೊಬ್ಬೆ ಹಾಕುತ್ತಾರೆ. ಲೆಕ್ಕ ಹಾಕಿ ನೋಡಿ: 8 ಇದ್ದರೆ ದಾಳದ ಅಂಕಿಗೆ ಕೂಡುವುದು −1, ಸಾಮಾನ್ಯ ಮನುಷ್ಯನ 10ಕ್ಕೆ ಸೊನ್ನೆ. ಇಪ್ಪತ್ತು ಮುಖದ ದಾಳದಲ್ಲಿ ಒಂದರ ವ್ಯತ್ಯಾಸ ಎಂದರೆ ನೂರಕ್ಕೆ ಐದು. ಅಷ್ಟಕ್ಕೆ ಯಾರೂ ಪೆದ್ದರಾಗುವುದಿಲ್ಲ. ಚೆನ್ನಾಗಿ ಲೆಕ್ಕ ಹಾಕುವವ ಚೆನ್ನಾಗಿ ಪಾತ್ರ ಮಾಡಲಾರ ಎಂಬ ನಂಬಿಕೆಗೆ ಆಟಗಾರರ ನಡುವೆ 'ಸ್ಟಾರ್ಮ್‌ವಿಂಡ್ ಫ್ಯಾಲಸಿ' ಎಂಬ ಹೆಸರೇ ಉಂಟು. ಎರಡಕ್ಕೂ ಸಂಬಂಧವಿಲ್ಲ.

ನಿಜವಾದ ತೊಂದರೆ ಬರುವುದು ಒಬ್ಬನ ಲೆಕ್ಕಕ್ಕೂ ಉಳಿದವರ ಲೆಕ್ಕಕ್ಕೂ ಅಂತರ ಹೆಚ್ಚಾದಾಗ. ಪ್ಲೇಟ್ ಕವಚ 18, ಗುರಾಣಿ 2, ಡಿಫೆನ್ಸ್ ಶೈಲಿ 1, ಒಟ್ಟು ಆರ್ಮರ್ ಕ್ಲಾಸ್, ಅಂದರೆ ಪೆಟ್ಟು ತಾಗಲು ಎದುರಾಳಿ ಮುಟ್ಟಬೇಕಾದ ಅಂಕಿ, 21. ಪಕ್ಕದವನದು 14. ದಾಳದ ಅಂಕಿಗೆ +4 ಕೂಡುವ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸ 21 ಮುಟ್ಟಬೇಕಾದರೆ ದಾಳದಲ್ಲಿ 17 ಬೀಳಬೇಕು, ಅಂದರೆ ನೂರಕ್ಕೆ 20 ಸಲ. 14 ಮುಟ್ಟಲು 10 ಸಾಕು, ನೂರಕ್ಕೆ 55. ಕವಚದವನಿಗೆ ಏನೂ ತಾಗುವುದಿಲ್ಲ ಎಂದು ಸಿಟ್ಟಾದ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ರಾಕ್ಷಸರನ್ನು +9ಕ್ಕೆ ಏರಿಸುತ್ತಾರೆ. ಈಗ ಕವಚದವನಿಗೆ ನೂರಕ್ಕೆ 45, ಪಾಪದವನಿಗೆ ನೂರಕ್ಕೆ 80. ಸಾಯುವುದು ಪಾಪದವನೇ. ಆಮೇಲೆ "ಮಂಚ್‌ಕಿನ್‌ನಿಂದ ಆಟ ಹಾಳಾಯಿತು" ಎಂಬ ದೂರು. ಹಾಳು ಮಾಡಿದ್ದು ಆ +9.

ಮಾಡಬೇಕಾದ್ದು ಬೇರೆ. ದಾಳಿಯ ಅಂಕಿ ಮುಟ್ಟಬೇಡಿ, ದಾಳಿಯ ಜಾತಿ ಬದಲಿಸಿ. ವಿಸ್ಡಮ್ ಸೇವಿಂಗ್ ಥ್ರೋ ಕೇಳುವ, ಅಂದರೆ ವಿವೇಕದ ಗುಣದ ಮೇಲೆ ದಾಳ ಹಾಕಿ ಪಾರಾಗಬೇಕಾದ ಮಂತ್ರದ ಎದುರು ಕವಚದ 21 ಕೆಲಸಕ್ಕೆ ಬಾರದು, ಅಲ್ಲಿ ಅವನು ಪುಕ್ಕಟೆ ತೆಗೆದುಕೊಂಡ 8 ಮಾತಾಡುತ್ತದೆ. ಆದರೆ ಪ್ರತಿ ಕಾಳಗದಲ್ಲೂ ಅವನ ಹುಳುಕನ್ನೇ ಹುಡುಕಿ ಹೊಡೆದರೆ ಅದು ಸೇಡು. ಮೂರರಲ್ಲಿ ಒಂದು ಸಾಕು, ಉಳಿದ ಎರಡರಲ್ಲಿ ಅವನು ಕವಚದ ಸುಖ ಅನುಭವಿಸಲಿ. ಅದಕ್ಕೆಂದೇ 1,500 ಚಿನ್ನದ ನಾಣ್ಯ ಸುರಿದು ಕೊಂಡದ್ದಲ್ಲವೇ?

ದಾಳದಲ್ಲೋ ಲೆಕ್ಕದಲ್ಲೋ ನಿಜವಾಗಿಯೇ ಕಳ್ಳತನ ಮಾಡುವ ಮಂಚ್‌ಕಿನ್‌ಗೆ ಮದ್ದು ಸುಲಭ, ಭಾಷಣ ಬೇಡ. ಮೇಜಿನ ನಡುವೆ ಒಂದು ಹರಿವಾಣ ಇಟ್ಟು ಒಳಗೆ ಬೈರಾಸು ಮಡಿಸಿ ಹಾಸಿ. ಎಲ್ಲರ ದಾಳವೂ ಅದರೊಳಗೇ ಬೀಳಬೇಕು, ಹೊರಗೆ ಬಿದ್ದದ್ದು ಅಂಚಿಗೆ ಒರಗಿ ನಿಂತದ್ದು ಮತ್ತೊಮ್ಮೆ, ಇನ್ನೊಬ್ಬರು ನೋಡುವವರೆಗೆ ಎತ್ತುವ ಹಾಗಿಲ್ಲ. ಮಂತ್ರಗಳ ಲೆಕ್ಕ ತಪ್ಪಿಸುವವನಿಗೆ ಹುಣಸೆ ಬೀಜ: 5ನೇ ಲೆವೆಲ್‌ನ ವಿಜ಼ರ್ಡ್‌ಗೆ (ಮಂತ್ರವಾದಿಗೆ) 4, 3, 2ರಂತೆ ಮೂರು ಗುಂಪು, ಒಟ್ಟು 9. ಮಂತ್ರ ಹಾಕಿದಾಗ ಒಂದು ಬೀಜ ಡಬ್ಬಿಗೆ. ಅರ್ಧ ಸಲ ಕಳ್ಳತನ ಎಂದುಕೊಂಡದ್ದು ಬರೀ ಮರೆವು ಎಂದು ಇಲ್ಲೇ ಗೊತ್ತಾಗುತ್ತದೆ.

ಒಂದು ತಮಾಷೆ. ಪಾತ್ರ ಮಾಡದೆ ದಾಳ ಮಾತ್ರ ಉರುಳಿಸುವವನನ್ನು ಚುಚ್ಚಲು ಇಂಗ್ಲಿಷಿನವರು 'ರೋಲ್-ಪ್ಲೇಯರ್' ಎನ್ನುತ್ತಾರೆ, ಸ್ಪೆಲ್ಲಿಂಗ್‌ನಲ್ಲಿ ಒಂದಕ್ಷರ ಬದಲಿಸಿ. ಕನ್ನಡದಲ್ಲಿ ಬರೆದರೆ ಪಾತ್ರವೂ ರೋಲ್, ಉರುಳುವುದೂ ರೋಲ್. ನಮ್ಮ ಲಿಪಿಗೆ ಬಂದ ಕೂಡಲೇ ಬೈಗುಳಕ್ಕೆ ಹಲ್ಲು ಉದುರಿತು.

ಮರ್ಡರ್‌ಹೋಬೋ ಅಂದರೆ ಮನೆ ಮಠ ಇಲ್ಲದೆ ಅಲೆಯುತ್ತ ಸಿಕ್ಕಿದವರನ್ನೆಲ್ಲ ಕೊಂದು ಕಿಸೆ ತಡಕುವ ಪಾತ್ರ. ಬಾಗಿಲು ತೆರೆದ ಮುದುಕನನ್ನೂ ಬಿಡುವುದಿಲ್ಲ. ಯಾಕೆ ಬಿಡಬೇಕು? 2014ರ ನಿಯಮದಲ್ಲಿ ಒಂದು ಗಾಬ್ಲಿನ್ ಕೊಂದರೆ 50 ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ), 2ನೇ ಲೆವೆಲ್‌ಗೆ ತಲಾ 300. ನಾಲ್ಕು ಜನರ ತಂಡಕ್ಕೆ 24 ಗಾಬ್ಲಿನ್ ಹೆಣ. ಕೊಲ್ಲದೆಯೂ ಎಕ್ಸ್‌ಪಿ ಕೊಡಬಹುದು ಎಂದು ಪುಸ್ತಕದಲ್ಲಿ ಉಂಟು, ಆದರೆ ಹೆಚ್ಚಿನ ಡಿಎಂಗಳು ಹೆಣ ಮಾತ್ರ ಎಣಿಸುತ್ತಾರೆ. ಇದೇ ಆಟದ 1981ರ ಬೇಸಿಕ್ ಪೆಟ್ಟಿಗೆಯ ಲೆಕ್ಕ ತಿರುಗುಮುರುಗು: ಗಾಬ್ಲಿನ್ ಕೊಂದರೆ 5, ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೆ 1. ನೂರು ನಾಣ್ಯದ ಚೀಲ ಇಪ್ಪತ್ತು ಗಾಬ್ಲಿನ್‌ಗೆ ಸಮ. ಹಾಗಾಗಿ ಜಾಣ ಆಟಗಾರರು ಕಾಳಗ ತಪ್ಪಿಸಿ, ಗಾಬ್ಲಿನ್ ನಿದ್ದೆ ಮಾಡುವಾಗ ಚೀಲ ಎತ್ತಿಕೊಂಡು ಓಡುತ್ತಿದ್ದರು. ಅದೇ ಮನುಷ್ಯ, ನಿಯಮ ಬೇರೆ.

ಊರ ಮುದುಕನನ್ನು ಕೊಂದದ್ದಕ್ಕೆ ಶಿಕ್ಷೆ ಎಂದು ಇಪ್ಪತ್ತು ಕಾವಲುಗಾರರನ್ನು ಕಳಿಸುವುದು ಹೊಸ ಡಿಎಂಗಳು ಮಾಡುವ ತಪ್ಪು. ಕೊಂದವನಿಗೆ ಅದು ಇನ್ನಷ್ಟು ಎಕ್ಸ್‌ಪಿ, ಇಪ್ಪತ್ತು ಕತ್ತಿ ಬೇರೆ. ಹೆಣದ ಲೆಕ್ಕ ಬಿಟ್ಟು ಮೈಲಿಗಲ್ಲಿನ ಲೆಕ್ಕಕ್ಕೆ ಬನ್ನಿ: ಗುರಿ ಮುಟ್ಟಿದರೆ ಲೆವೆಲ್, ಹೇಗೆ ಮುಟ್ಟಿದರೂ ಸರಿ. ಹಳೆಯ ಮೊರೇಲ್ (ಎದೆಗಾರಿಕೆಯ) ನಿಯಮವನ್ನೂ ಮರಳಿ ತನ್ನಿ. ಎದುರಾಳಿಗಳಲ್ಲಿ ಮೊದಲನೆಯವ ಬಿದ್ದಾಗ, ಅರ್ಧ ಜನ ಬಿದ್ದಾಗ ಎರಡು ಆರುಮುಖದ ದಾಳ ಹಾಕಿ. ಅವರ ಮೊರೇಲ್ ಅಂಕಿಗಿಂತ ಹೆಚ್ಚು ಬಿದ್ದರೆ ಓಡುತ್ತಾರೆ, ಇಲ್ಲವೇ ಶರಣಾಗುತ್ತಾರೆ. ಶರಣಾದವನಿಗೆ ಹೆಸರು ಕೊಡಿ. ಜತೆಗೆ ಆಟ ಶುರುವಾಗುವ ಮುಂಚೆ ಪ್ರತಿ ಪಾತ್ರಕ್ಕೂ ಮೂವರನ್ನು ಬರೆಸಿ: ಸಾಲ ಕೊಟ್ಟವರು, ರಾತ್ರಿ ಬಂದರೂ ಗಂಜಿ ಬಡಿಸುವವರು, ಮುಖ ತೋರಿಸಲು ನಾಚಿಕೆಯಾಗುವವರು. ಇವರನ್ನು ಅಪಹರಿಸಿ ಕೊಲ್ಲುವ ಚಟ ಡಿಎಂಗೆ ಇದ್ದರೆ ಮಾತ್ರ ಈ ಉಪಾಯ ಕೆಡುತ್ತದೆ. ಮುಂದಿನ ಪಾತ್ರಕ್ಕೆ ಆಟಗಾರ ಬರೆಯುವುದು "ಅನಾಥ" ಎಂದೇ.

ನಿಯಮದ ಅಕ್ಷರ ಹಿಡಿದು ವಾದಿಸುವ ರೂಲ್ಸ್ ಲಾಯರ್ ನಮ್ಮ ಕಡೆಯವರಿಗೆ ಹೊಸಬನಲ್ಲ, ತಾಳಮದ್ದಳೆ ಕೇಳಿ ಬೆಳೆದ ಊರಿನಲ್ಲಿ ವಾದ ಮಾಡುವವನಿಗೆ ಮರ್ಯಾದೆಯೇ ಉಂಟು. ಆದರೆ ಅಲ್ಲಿ ಭಾಗವತರು ಮುಂದಿನ ಪದ ಎತ್ತಿದರೆ ಅರ್ಥಧಾರಿ ಮಾತು ನಿಲ್ಲಿಸಲೇಬೇಕು. ಡಿಎಂ ಕೂಡ ಹಾಗೇ ಮಾಡಬಹುದು: ಎರಡು ನಿಮಿಷ ವಾದ, ಆಮೇಲೆ ತೀರ್ಪು, ಚೀಟಿಯಲ್ಲಿ ಬರೆದಿಟ್ಟು ಆಟ ಮುಗಿದ ಮೇಲೆ ಪುಸ್ತಕ ತೆರೆಯುವುದು. ಮುಂದಿನ ವಾರಕ್ಕೆ ಪುಸ್ತಕದ ಮಾತು, ಈ ವಾರಕ್ಕೆ ಡಿಎಂ ಮಾತು. ತನಗೇ ನಷ್ಟವಾಗುವ ನಿಯಮವನ್ನೂ ನೆನಪಿಸುವವನು ಲಾಯರ್ ಅಲ್ಲ, ಪುಕ್ಕಟೆ ಸಿಕ್ಕಿದ ಗುಮಾಸ್ತ, ಅವನನ್ನು ಕಳೆದುಕೊಳ್ಳಬೇಡಿ. ಈಗ ಐದನೇ ಆವೃತ್ತಿಯ 2014 ಮತ್ತು 2024ರ ಪುಸ್ತಕ ಎರಡೂ ಒಂದೇ ಮೇಜಿಗೆ ಬರುವುದರಿಂದ ಜಗಳ ಜಾಸ್ತಿ. ಯಾವುದನ್ನು ಆಡುತ್ತೇವೆ ಎಂದು ಮೊದಲ ದಿನವೇ ಹೇಳಿದರೆ ಅರ್ಧ ವಾದ ಹುಟ್ಟುವುದೇ ಇಲ್ಲ.

ಲಾಯರ್‌ಗಿರಿಯ ಪರಾಕಾಷ್ಠೆ 'ಪೆಸೆಂಟ್ ರೇಲ್‌ಗನ್'. ಸಾವಿರಾರು ರೈತರನ್ನು ಸಾಲಾಗಿ ನಿಲ್ಲಿಸಿ ಒಂದು ಕೋಲನ್ನು ಕೈಯಿಂದ ಕೈಗೆ ದಾಟಿಸುವುದು. ನಿಯಮದ ಪ್ರಕಾರ ಅಷ್ಟೂ ಜನರ ಸರದಿ 6 ಸೆಕೆಂಡಿನ ಒಂದೇ ರೌಂಡಿನಲ್ಲಿ ಮುಗಿಯುತ್ತದೆ, ಹಾಗಾಗಿ ಕೊನೆಯವನ ಕೈಯಿಂದ ಕೋಲು ಗುಂಡಿನ ಹಾಗೆ ಹಾರಬೇಕು ಎಂಬ ವಾದ. ಹುಳುಕು ಎಲ್ಲಿ? ದಾಟಿಸುವವರೆಗೆ ಆಟದ ನಿಯಮ, ಹೊಡೆಯುವಾಗ ಮಾತ್ರ ಭೌತಶಾಸ್ತ್ರ. ಎರಡು ದೋಣಿಗೆ ಕಾಲು. ನಿಯಮವನ್ನೇ ಕೊನೆತನಕ ಹಿಡಿದರೆ ಎಸೆದ ಕೋಲಿಗೆ ಸಿಗುವುದು ನಾಲ್ಕು ಮುಖದ ಒಂದು ದಾಳ. ನಿಯಮಗಳು ಭೌತಶಾಸ್ತ್ರವಲ್ಲ ಎಂದು 2024ರ ಡಿಎಂ ಪುಸ್ತಕ ಬಾಯಿಬಿಟ್ಟೇ ಹೇಳಿದೆ.

ಮೆಟಾಗೇಮರ್ ಎಂಬ ಬೈಗುಳ ಸಿಗುವುದು ಆಟಗಾರನಿಗೆ ಗೊತ್ತಿದ್ದದ್ದನ್ನು ಪಾತ್ರ ಬಳಸಿದಾಗ. ಟ್ರಾಲ್ ಎಂಬ ರಾಕ್ಷಸನ ಗಾಯ ತಾನಾಗಿ ಕೂಡಿಕೊಳ್ಳುತ್ತದೆ, ಬೆಂಕಿ ಅಥವಾ ಆ್ಯಸಿಡ್ ತಾಗಿದರೆ ಮಾತ್ರ ನಿಲ್ಲುತ್ತದೆ. ಇದು ನಿಮಗೆ ಹೇಗೆ ಗೊತ್ತು ಎಂದು ಡಿಎಂ ಕಣ್ಣು ಕೆಂಪು ಮಾಡುತ್ತಾರೆ. ಆಟಿ ಅಮಾವಾಸ್ಯೆಗೆ ಪಾಲೆ ಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕಬ್ಬಿಣ ತಾಗಿಸಬಾರದು ಎಂದು ಇಲ್ಲಿನವರಿಗೆ ಯಾವ ಶಾಲೆಯಲ್ಲಿ ಕಲಿಸಿದರು? ಟ್ರಾಲ್ ಓಡಾಡುವ ಊರಿನಲ್ಲಿ ಬೆಳೆದ ಮಗುವಿಗೆ ಬೆಂಕಿಯ ವಿಷಯ ಗೊತ್ತಿಲ್ಲದಿದ್ದರೇ ಆಶ್ಚರ್ಯ. ಗುಟ್ಟು ಗುಟ್ಟಾಗಿಯೇ ಇರಬೇಕಾದರೆ ಬೆಂಕಿಯ ಜಾಗದಲ್ಲಿ ಉಪ್ಪುನೀರು ಬರೆದುಕೊಳ್ಳಿ, ಹತ್ತು ಸೆಕೆಂಡಿನ ಕೆಲಸ.

'ಮೈ ಗೈ' ಕಾಯಿಲೆಯಲ್ಲಿ ಮಾತ್ರ ನಮಗೆ ಕನಿಕರ ಕಡಿಮೆ. ಜತೆಯವನ ಚೀಲ ಕದ್ದು "ನನ್ನ ಪಾತ್ರ ಹಾಗೇ ಮಾಡುವುದು" ಎನ್ನುವವನು ಇವನು. ಆ ಪಾತ್ರ ಬರೆದದ್ದು ಯಾರು? ಆಟಗಾರರು ಪರಸ್ಪರರ ಮೇಲೆ ಏನೇ ಮಾಡಿದರೂ ಫಲ ತೀರ್ಮಾನಿಸುವುದು ಪೆಟ್ಟು ತಿಂದವನೇ ಎಂದು ನಿಯಮ ಇಡಿ, ಕಳ್ಳತನ ತಾನಾಗಿ ನಿಲ್ಲುತ್ತದೆ. 1991ರ ವ್ಯಾಂಪೈರ್ ಆಟದ 'ಫಿಶ್‌ಮಾಲ್ಕ್' ಇವನ ದಾಯಾದಿ: ಹುಚ್ಚು ಹಿಡಿದ ಮಾಲ್ಕೇವಿಯನ್ ಕುಲದವನಾಗಿ, ಎಲ್ಲರೂ ಗಂಭೀರವಾಗಿ ಕೂತಾಗ ಮೀನು ಹಿಡಿದು ಕುಣಿಯುವವನು. ಆಟದಲ್ಲಿ ಹಾಸ್ಯಗಾರ ಬೇಕು, ಆದರೆ ಕರ್ಣ ಸಾಯುವಾಗ ರಂಗಕ್ಕೆ ಬರಬಾರದು.

ಗ್ರಾಗ್ನಾರ್ಡ್ ಅಂದರೆ ಹಳೆಯ ಆವೃತ್ತಿ ಬಿಡದ ಗೊಣಗುವವನು, ನೆಪೋಲಿಯನ್ನನ ಹಳೆಯ ಸೈನಿಕರ ಅಡ್ಡಹೆಸರು. ಈಗ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರೇ ಹೆಚ್ಚು.

ಡಿಎಂಗಳಿಗೂ ಹೆಸರು ಉಂಟು. ಏನು ಮಾಡಿದರೂ ಕತೆ ಹಳಿ ಬಿಡದಿದ್ದರೆ ರೈಲ್‌ರೋಡಿಂಗ್. ಸೊತ್ತು ಕೈತುಂಬ ಹಂಚಿದರೆ 'ಮಾಂಟಿ ಹಾಲ್', ಬಹುಮಾನ ಹಂಚುತ್ತಿದ್ದ ಅಮೆರಿಕದ ಟಿವಿ ನಿರೂಪಕರ ಹೆಸರಿನ ಮೇಲೆ ಶಬ್ದದಾಟ (haul ಎಂದರೆ ಬಾಚಿದ ಗಂಟು). ಹಾಗೆ ಹಂಚಿಯಾಗಿದ್ದರೆ ಕಿತ್ತುಕೊಳ್ಳಬೇಡಿ, ಕದಿಯಲು ಕಳ್ಳರನ್ನು ಕಳಿಸಿದರೆ ಆಟಗಾರರು ಮುಂದಿನ ಒಂದು ತಿಂಗಳು ಕಳ್ಳರ ಬೆನ್ನು ಹತ್ತುವುದೇ ಆಯಿತು. ಮಾಯಾ ಕತ್ತಿಗಳ ಶಕ್ತಿಗೆ ಎಣಿಕೆಯ ಚಾರ್ಜ್ ಇಡಿ, ಇಷ್ಟು ಸಲ ಬಳಸಿದರೆ ಮುಗಿಯಿತು, ಚಿನ್ನಕ್ಕೆ ಖರ್ಚಿನ ದಾರಿ ಮಾಡಿ: ಕೋಟೆಯ ಮಾಡು ಸೋರುತ್ತದೆ, ಆಳುಗಳಿಗೆ ಸಂಬಳ ಕೊಡಬೇಕು, ಮಳೆಗಾಲ ಬೇರೆ ಹತ್ತಿರ ಬಂತು.