ಕಯಾಕ್ ಹತ್ತುವ ಮೊದಲು ಇಳಿತ ನೋಡಿ: ವಲಿಯಪರಂಬ ಹಿನ್ನೀರಿನಲ್ಲಿ ಎರಡು ದಿನ

ರೈಲು ಟಿಕೆಟ್ ತೆಗೆಯುವ ಮೊದಲು ಸಮುದ್ರದ ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ನಾನು ನೋಡಲಿಲ್ಲ. ಅದಕ್ಕೇ ಮೊದಲ ದಿನ ಬೆಳಿಗ್ಗೆ ಹತ್ತೂವರೆಗೆ ಹಿನ್ನೀರಿನ ನಡುವೆ ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಕೊಂಡು, ಇಪ್ಪತ್ತೈದು ಕಿಲೋದ ಪ್ಲಾಸ್ಟಿಕ್ ದೋಣಿಯನ್ನು ಹಟಮಾರಿ ದನ ಎಳೆದ ಹಾಗೆ ಹಗ್ಗ ಹಿಡಿದು ಎಳೆಯುತ್ತಿದ್ದೆ. ಸ್ವಲ್ಪ ದೂರದಲ್ಲಿ ಕೆಸರಿನಿಂದ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ನಕ್ಕರು. ಆಮೇಲೆ ಅವರೇ ಬಂದು ತಳ್ಳಿದರು.

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ. ಅಡಿಕೆ ತೋಟ, ಕೆರೆ, ಮಳೆಗಾಲದ ತೋಡು ಇಷ್ಟೇ ನನಗೆ ಗೊತ್ತಿದ್ದ ನೀರು. ಈಜು ಬರುತ್ತದೆ, ದೋಣಿ ಬರುವುದಿಲ್ಲ. ಮಂಗಳೂರಿನ ಗೆಳೆಯನೊಬ್ಬ ಒಂದು ವರ್ಷದಿಂದ ಕಯಾಕ್, ಅಂದರೆ ಹುಟ್ಟು ಹಾಕಿ ಹೋಗುವ ಸಣ್ಣ ದೋಣಿಯ ಹುಚ್ಚು ಹಿಡಿಸಿಕೊಂಡಿದ್ದ, ಭಾನುವಾರ ಬಂದರೆ ಫೋನ್ ಎತ್ತುವುದಿಲ್ಲ. ಅವನು ಕರೆದ ಅಂತ ಹೊರಟದ್ದು. ಕಯಾಕಿಂಗ್‌ಗೆ ಹೋಗುತ್ತೇವೆ ಅಂದಾಗ ಅಮ್ಮ, "ರಜೆಯಲ್ಲೂ ಎಂತ ಕಾಯಕ ಮಾರಾಯ ನಿನಗೆ" ಅಂದರು. ನಾನೂ ಹೆಂಡತಿಯೂ ಶುಕ್ರವಾರ ರಾತ್ರಿಯೇ ಚೆರುವತ್ತೂರು ತಲುಪಿದೆವು.

ಜಾಗದ ಬಗ್ಗೆ ಎರಡು ಮಾತು. ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿ ಚೆರುವತ್ತೂರು, ಪಡನ್ನ, ತ್ರಿಕ್ಕರಿಪುರ ಇವೆ. ಇವುಗಳ ಪಶ್ಚಿಮಕ್ಕೆ ಹಿನ್ನೀರು, ಅದರಾಚೆ ವಲಿಯಪರಂಬ ಅನ್ನುವ ಕಿರಿದಾದ ದ್ವೀಪ, ಅದರಾಚೆ ಅರಬ್ಬಿ ಸಮುದ್ರ. ದ್ವೀಪ ಸುಮಾರು 24 ಕಿಲೋಮೀಟರ್ ಉದ್ದ, ಅಗಲ ಮಾತ್ರ ಕೆಲವು ಕಡೆ ಹತ್ತು ನಿಮಿಷ ನಡೆದರೆ ಮುಗಿಯುತ್ತದೆ. ಒಂದು ಕಡೆ ಕನ್ನಡಿಯ ಹಾಗೆ ನಿಂತ ನೀರು, ಇನ್ನೊಂದು ಕಡೆ ತೆರೆಯ ಸದ್ದು. ಕಣ್ಣೂರು ಜಿಲ್ಲೆಯ ಕವ್ವಾಯಿವರೆಗೂ ಇದೇ ಹಿನ್ನೀರು ಹಬ್ಬಿರುವುದರಿಂದ ಕವ್ವಾಯಿ ಕಾಯಲ್ ಅಂತಲೂ ಕರೆಯುತ್ತಾರೆ. ಚಂದ್ರಗಿರಿ ಹೊಳೆ ದಾಟಿದ ಮೇಲೆ ಕನ್ನಡ ತೆಳುವಾಗುತ್ತಾ ಬರುತ್ತದೆ, ಇಲ್ಲಿಗೆ ಬರುವಾಗ ಪೂರ್ತಿ ಮಲಯಾಳ. ಹೆದರಬೇಡಿ, ಕೈಸನ್ನೆಯಲ್ಲಿ ಕೆಲಸ ನಡೆಯುತ್ತದೆ. ನಮ್ಮ ಕಡೆಯವರಿಗೆ ಮಲಯಾಳ ಹೇಗೂ ಬರುತ್ತದೆ, ಅಲ್ವಾ.

ಈಗ ಇಳಿತದ ವಿಷಯ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಸಮಯ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇವತ್ತು ಏಳಕ್ಕೆ ಉಬ್ಬರ ತುಂಬಿದ್ದರೆ ನಾಳೆ ಎಂಟರ ಹತ್ತಿರ. ಅಮಾವಾಸ್ಯೆ ಹುಣ್ಣಿಮೆಯ ಸುತ್ತ ಏರಿಳಿತ ಜಾಸ್ತಿ, ಅಷ್ಟಮಿಯ ಸುತ್ತ ಕಮ್ಮಿ. ಹೊಸಬರಾದರೆ ಅಷ್ಟಮಿ ಹತ್ತಿರದ ವಾರಾಂತ್ಯ ಆರಿಸಿ, ಸೆಳೆತ ಕಮ್ಮಿ ಇರುತ್ತದೆ. ಈ ಹಿನ್ನೀರು ಅನೇಕ ಕಡೆ ಆಳವೇ ಇಲ್ಲ. ನೀರು ಏರುವಾಗ ಹೊರಟರೆ ಎಲ್ಲಾದರೂ ದಿಬ್ಬಕ್ಕೆ ಸಿಕ್ಕಿಕೊಂಡರೂ ಸುಮ್ನೆ ಕೂತಿರಬಹುದು, ಸ್ವಲ್ಪ ಹೊತ್ತಿನಲ್ಲಿ ನೀರೇ ಎತ್ತಿ ಕಳಿಸುತ್ತದೆ. ಇಳಿಯುವಾಗ ಸಿಕ್ಕಿಕೊಂಡಿರೋ, ಪ್ರತಿ ನಿಮಿಷ ಇನ್ನೂ ಹೂತುಕೊಳ್ಳುತ್ತೀರಿ. ನಾನು ಸಿಕ್ಕಿಕೊಂಡದ್ದು ಇಳಿಯುವಾಗ. ಗೆಳೆಯನ ಕಯಾಕ್ ಗುಂಪಿನ ಹಿರಿಯರು ಹೊರಡುವ ಮೊದಲೇ ಹೇಳಿದ್ದರು, ಕಾಲುವೆಯ ನಡುವಿನಲ್ಲೇ ಇರಿ, ಒಳಗೆ ಹೋಗಬೇಡಿ ಅಂತ. ನಾನು ಬೆಳ್ಳಕ್ಕಿ ನೋಡಲು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಒಳಗೆ ಹೋದೆ.

ಅಂದ ಹಾಗೆ ಆ ಗುಂಪು. ಹತ್ತು ಹನ್ನೆರಡು ಜನ ಇದ್ದರು. ಅರ್ಧ ಮಲಯಾಳಿಗಳು, ಮಂಗಳೂರಿನಿಂದ ನಾಲ್ವರು, ಮತ್ತೆ ಬೆಂಗಳೂರಿನಿಂದ ಕಾರಿನ ತಲೆ ಮೇಲೆ ದೋಣಿ ಕಟ್ಟಿಕೊಂಡು ರಾತ್ರಿಯಿಡೀ ಓಡಿಸಿ ಬಂದ ಒಬ್ಬರು. ಒಬ್ಬರು ಬ್ಯಾಂಕಿನವರು, ಒಬ್ಬರು ದಂತವೈದ್ಯೆ, ಒಬ್ಬರು ಶಾಲಾ ಮೇಷ್ಟ್ರು, ಇನ್ನೊಬ್ಬ ಹುಡುಗ ಏನು ಮಾಡುತ್ತಾನೆಂದು ಕೊನೆಗೂ ಗೊತ್ತಾಗಲಿಲ್ಲ. ಇವರಲ್ಲಿ ಒಂದು ಒಳ್ಳೆಯ ಚಾಳಿ ಇದೆ. ತಮ್ಮ ದೋಣಿಯನ್ನು ಬೇರೆಯವರಿಗೆ ಕೊಡದಿದ್ದರೆ ಸಮಾಧಾನ ಇಲ್ಲ. ದಡದಲ್ಲಿ ದೋಣಿಗಳನ್ನು ಸಾಲಾಗಿ ಇಟ್ಟುಬಿಡುತ್ತಾರೆ, ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಹತ್ತಬಹುದು. "ಒನ್ನು ಇರುನ್ನು ನೋಕ್ಕ್" ಅನ್ನುವುದು ಆ ಎರಡು ದಿನಗಳಲ್ಲಿ ನಾನು ಕೇಳಿದ ಮಾತುಗಳಲ್ಲೇ ಅತಿ ಹೆಚ್ಚು ಸಲ ಕೇಳಿದ್ದು. ಒಮ್ಮೆ ಕೂತು ನೋಡಿ ಅಂತ. ಕೂತೆ. ಐದು ದೋಣಿಗಳಲ್ಲಿ ಕೂತೆ, ಮೂರರ ಬಗ್ಗೆ ಹೇಳುತ್ತೇನೆ.

ಮೊದಲನೆಯದು ಮೇಲೆ ಕೂರುವ ಅಗಲ ಕಯಾಕ್. ಸುಮಾರು ಹತ್ತು ಅಡಿ ಉದ್ದ, ಎಂಬತ್ತು ಸೆಂಟಿಮೀಟರ್ ಅಗಲ. ಬಾಡಿಗೆಗೆ ಕೊಡುವುದು ಸಾಮಾನ್ಯವಾಗಿ ಇದನ್ನೇ. ಮಗುಚುವುದು ಕಷ್ಟ, ಮಗುಚಿದರೂ ಮತ್ತೆ ಹತ್ತುವುದು ಸುಲಭ. ತಳದಲ್ಲಿ ತೂತುಗಳಿರುತ್ತವೆ, ಮೇಲೆ ಬಿದ್ದ ನೀರು ಅದರಲ್ಲಿ ಇಳಿದು ಹೋಗಲಿ ಅಂತ. ಆದರೆ ಅದೇ ತೂತಿನಿಂದ ಸ್ವಲ್ಪ ನೀರು ಮೇಲಕ್ಕೂ ಬರುತ್ತದೆ, ಹಾಗಾಗಿ ಕೂತವರ ಹಿಂಭಾಗ ಯಾವಾಗಲೂ ಒದ್ದೆ. ಅಲ್ಲೇ ಮೀನು ಹಿಡಿಯುತ್ತಿದ್ದ ಅಜ್ಜನೊಬ್ಬರು ತಮ್ಮ ಮರದ ತೋಣಿಯಿಂದ ಬಗ್ಗಿ ಆ ತೂತುಗಳನ್ನು ನೋಡಿ, ಓಟೆ ಇರುವ ದೋಣಿಯನ್ನು ದುಡ್ಡು ಕೊಟ್ಟು ತಗೊಂಡ್ರಾ ಅಂತ ಕೇಳಿದರು. ಉತ್ತರ ಯಾರಲ್ಲೂ ಇರಲಿಲ್ಲ.

ಎರಡನೆಯದು ಉದ್ದದ್ದು. ಹದಿನಾರು ಅಡಿ, ಅಗಲ ಐವತ್ತೈದು ಸೆಂಟಿಮೀಟರ್, ಕಾಲು ಒಳಗೆ ತೂರಿಸಿ ಕೂರುವಂಥದ್ದು. ದೂರದೂರ ಹೋಗುವವರು ಇದನ್ನು ಇಟ್ಟುಕೊಳ್ಳುತ್ತಾರೆ, ಯಾಕೆಂದರೆ ಉದ್ದ ಜಾಸ್ತಿ ಅಗಲ ಕಮ್ಮಿ ಇದ್ದರೆ ನೀರನ್ನು ಸೀಳಿ ಹೋಗುತ್ತದೆ, ನೇರವಾಗಿಯೂ ಹೋಗುತ್ತದೆ. ನೋಡಲು ಚಂದ. ಹತ್ತಿದರೆ ಸೈಕಲ್ ಕಲಿತ ಮೊದಲ ದಿನ. ಉಸಿರಾಡಿದರೂ ಅಲ್ಲಾಡುತ್ತದೆ. ದಂತವೈದ್ಯೆ ಪಕ್ಕದಲ್ಲಿ ನೀರಿಗಿಳಿದು ನಿಂತು, ಮೊದಲು ಮಗುಚಿ ಏಳುವುದನ್ನು ಕಲಿಯಿರಿ, ಆಮೇಲೆ ಹುಟ್ಟು ಹಾಕುವುದು ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರಿಗೂ ಹೆದರಿಕೆ ಇರುವುದು ಇಲ್ಲೇ. ದೋಣಿ ಮಗುಚಿದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತೇವೆ ಅಂತ. ಎದೆಮಟ್ಟ ನೀರಿನಲ್ಲಿ ಬೇಕೆಂದೇ ಮಗುಚಿಸಿದರು. ಒಂದು ಕ್ಷಣ ತಲೆ ಕೆಳಗೆ, ಮೂಗಿನೊಳಗೆ ಉಪ್ಪು ನೀರು, ಕಣ್ಣೆದುರು ಪಾಚಿಯ ಹಸಿರು, ಕಿವಿಯಲ್ಲಿ ಏನೂ ಇಲ್ಲ. ಮುಂದಕ್ಕೆ ಬಾಗಬೇಕು, ಎರಡು ಕೈಯಲ್ಲಿ ದೋಣಿಯ ಅಂಚು ಒತ್ತಬೇಕು, ಪ್ಯಾಂಟ್ ಬಿಚ್ಚಿದ ಹಾಗೆ ದೋಣಿಯನ್ನು ಕಾಲಿನಿಂದ ಕಳಚಬೇಕು. ಅಷ್ಟೇ. ನಾನು ನೆಟ್ಟಗೆ ಹಿಂದಕ್ಕೆ ಒರಗಿದ್ದರಿಂದ ಮೊದಲ ಸಲ ತೊಡೆ ಸಿಕ್ಕಿಕೊಂಡಿತು, ಅವರು ಕಾಲರ್ ಹಿಡಿದು ಎಳೆದರು. ಮೂರನೆಯ ಸಲಕ್ಕೆ ಸಲೀಸಾಯಿತು. ಆಮೇಲೆ ಜೊತೆಗಾರರು ಮಗುಚಿದ ದೋಣಿಯ ಮೂತಿಯನ್ನು ತಮ್ಮ ದೋಣಿಯ ಮೇಲೆ ಅಡ್ಡಲಾಗಿ ಎಳೆದು ನೀರು ಬಸಿದು, ತಿರುಗಿಸಿ, ಎರಡನ್ನೂ ಅಕ್ಕಪಕ್ಕ ಒತ್ತಿ ಹಿಡಿಯುತ್ತಾರೆ. ನಾವು ಹಿಂದಿನಿಂದ ಹೊಟ್ಟೆಯ ಮೇಲೆ ತೆವಳಿ ಹತ್ತಬೇಕು. ಅವರಿಗೆ ಎರಡು ನಿಮಿಷದ ಕೆಲಸ. ನನಗೆ ಹತ್ತು ನಿಮಿಷ, ಮತ್ತೆ ಕನ್ನಡಕ ನೀರಿಗೆ. ಕನ್ನಡಕ ಇರುವವರು ಹಿಂದಿನಿಂದ ದಾರ ಕಟ್ಟಿಕೊಳ್ಳಿ. ಆ ಕೆಸರಿನಲ್ಲಿ ಬಿದ್ದದ್ದು ಸಿಗುವುದಿಲ್ಲ.

ಕೆನೂ ಬೇರೆಯೇ ಕಥೆ. ಕಯಾಕಿಗೆ ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು, ಕೆನೂಗೆ ಒಂದೇ ಅಲಗು. ಮೇಲೆ ತೆರೆದ ದೋಣಿ, ನಮ್ಮ ಊರಿನ ದೋಣಿಗೆ ಹತ್ತಿರದ ನೆಂಟ. ಇಬ್ಬರು ಕೂತರೆ ಮುಂದಿನವರು ಬಲ ಕೊಡುವುದು, ಹಿಂದಿನವರು ದಾರಿ ನೋಡುವುದು. ನಾನು ಹಿಂದೆ ಕೂತೆ, ಹೆಂಡತಿ ಮುಂದೆ. ಐದು ನಿಮಿಷದಲ್ಲಿ ಎರಡು ಪೂರ್ತಿ ಸುತ್ತು ಹೊಡೆದೆವು, ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಜಾಗ ಬದಲಾಯಿಸಿದ ಮೇಲೆ ನೇರ ಹೋಯಿತು. ಇದರ ಬಗ್ಗೆ ಮನೆಯಲ್ಲಿ ಇನ್ನೂ ಮಾತು ಬರುತ್ತದೆ. ಗುಟ್ಟು ಇರುವುದು ಎಳೆತದ ಕೊನೆಯಲ್ಲಿ. ಹುಟ್ಟನ್ನು ಹಿಂದಕ್ಕೆ ಎಳೆದು ಮುಗಿಸುವಾಗ ಮಣಿಕಟ್ಟು ತಿರುಗಿಸಿ ಅಲಗನ್ನು ಸ್ವಲ್ಪ ಹೊರಕ್ಕೆ ತಳ್ಳಬೇಕು, ನೀರಿನಲ್ಲಿ ಕೊಡೆಯ ಹಿಡಿಯ ಆಕಾರ ಬರೆದ ಹಾಗೆ. ಅವಳಿಗೆ ತಾನಾಗಿ ಬಂತು. ಓಟೆ ದೋಣಿ ಅಂದ ಅಜ್ಜ ಮಾಡುತ್ತಿದ್ದದ್ದೂ ಅದೇ. ಒಂದೇ ಬದಿಯಲ್ಲಿ ಹುಟ್ಟು ಹಾಕುತ್ತಾ, ಇನ್ನೊಂದು ಕೈಯಲ್ಲಿ ಬೀಡಿ ಹಿಡಿದು, ಗೆರೆ ಎಳೆದಂತೆ ಹೋದರು.

ಕಯಾಕ್ ಹುಟ್ಟು ಹಾಕುವಾಗ ತೋಳಿನಿಂದ ಎಳೆಯಬೇಡಿ. ಸೊಂಟದಿಂದ ಮೇಲಿನ ಮೈಯನ್ನು ತಿರುಗಿಸಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ, ನಾನೂ ಕೇಳಲಿಲ್ಲ.

ಎರಡನೆಯ ದಿನದ ತಪ್ಪಿನ ಬಗ್ಗೆ ಹೇಳಲೇಬೇಕು. ಪಡನ್ನದ ಸುತ್ತ ಪಚ್ಚಿಲೆ ಕೃಷಿ ಇದೆ, ತಿನ್ನುವ ಹಸಿರು ಚಿಪ್ಪಿನ ಜೀವಿ, ಅವರು ಕಲ್ಲುಮ್ಮಕ್ಕಾಯಿ ಅನ್ನುವುದು. ನೀರಿನಲ್ಲಿ ಬಿದಿರು ಊರಿ, ಅಡ್ಡ ಕಟ್ಟಿ, ಅದರಿಂದ ಮರಿ ಕಟ್ಟಿದ ಹಗ್ಗಗಳನ್ನು ಇಳಿಬಿಡುತ್ತಾರೆ. ಮಳೆಗಾಲ ಮುಗಿದ ಮೇಲೆ ಹಾಕಿದ್ದು ಮುಂದಿನ ಮಳೆಗೆ ಮೊದಲು ಕೊಯ್ಲು, ಅಂದರೆ ನೀವು ಬರುವ ಕಾಲದಲ್ಲೇ ಹಗ್ಗ ನೀರಿನಲ್ಲಿರುತ್ತದೆ. ಉಬ್ಬರದಲ್ಲಿ ಅಡ್ಡಬಿದಿರು ನೀರಿನ ಒಂದು ಗೇಣು ಕೆಳಗೆ ಅಡಗಿರುತ್ತದೆ. ನಮ್ಮಲ್ಲಿ ಒಬ್ಬರ ಚುಕ್ಕಾಣಿ ಹಗ್ಗಕ್ಕೆ ಸಿಕ್ಕಿಕೊಂಡಿತು, ಬಿಡಿಸಲು ಹೋದ ನಾನು ಬಿದಿರು ಹಿಡಿದು ಜಗ್ಗಿದೆ. ಮಾಲೀಕರು ದಡದಿಂದಲೇ ಬೈದರು. ಸರಿಯಾಗಿಯೇ ಬೈದರು. ತಿಂಗಳುಗಟ್ಟಲೆ ಬೆಳೆಸಿದ್ದು ಹಾಗೆ ಜಗ್ಗಿದರೆ ಉದುರಿಹೋಗುತ್ತದೆ. ಗೂಟಗಳ ಸಾಲು ಕಂಡರೆ ನಡುವೆ ನುಗ್ಗಬೇಡಿ, ಸುತ್ತು ಹಾಕಿ. ದೋಣಿಯನ್ನು ಅದಕ್ಕೆ ಕಟ್ಟಲೂ ಬೇಡಿ. ನಮ್ಮ ಅಡಿಕೆ ಸಸಿಗೆ ಯಾರಾದರೂ ಬೈಕ್ ಒರಗಿಸಿದರೆ ಹೇಗಾಗುತ್ತದೆ ಹೇಳಿ.

ಜೀವರಕ್ಷಕ ಜಾಕೆಟ್ ಬಗ್ಗೆ ನನ್ನದೊಂದು ದೂರು ಇದೆ. ಇದಕ್ಕೂ ಮೊದಲು ಬೇರೊಂದು ಕಡೆ, ಹೆಸರು ಬೇಡ, ಬಾಡಿಗೆ ದೋಣಿ ಹತ್ತಿದಾಗ ಕೊಟ್ಟ ಜಾಕೆಟ್‌ಗೆ ಒಂದು ಬಕಲ್ ಇರಲಿಲ್ಲ, ಕೇಳಿದ್ದಕ್ಕೆ ಆಳ ಇಲ್ಲ ಸರ್ ಅಂದರು. ಹಾಗೆಲ್ಲ ಒಪ್ಪಬೇಡಿ. ಹಾಕಿ ಬಿಗಿದ ಮೇಲೆ ಯಾರಾದರೂ ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಕಿವಿಯವರೆಗೆ ಬಂದರೆ ಅದು ನಿಮ್ಮ ಅಳತೆಯದ್ದಲ್ಲ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಆದ ಮೇಲೆ ಬಿಸಿಲು ತಡೆಯುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ಬೇಡವೇ ಬೇಡ, ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು. ಬೆಳಿಗ್ಗೆ ಆರೂವರೆಗೆ ನೀರಿನಲ್ಲಿರಿ. ಹನ್ನೊಂದರ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಏಳುತ್ತದೆ, ಆಗ ಗಂಟೆಗೆ ಐದು ಕಿಲೋಮೀಟರ್ ಹೋಗುತ್ತಿದ್ದವರು ಎರಡಕ್ಕೆ ಇಳಿಯುತ್ತೀರಿ. ನೀಲೇಶ್ವರದ ಕಡೆ ತೇಜಸ್ವಿನಿ ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ ಹೊಸಬರು ಹೋಗಲೇಬಾರದು, ಇಳಿತದ ಹೊತ್ತಿಗೆ ಹೊಳೆಯ ನೀರೂ ಹಿನ್ನೀರೂ ಒಟ್ಟಿಗೆ ಹೊರಗೆ ಎಳೆಯುತ್ತದೆ.

ಕಾಸರಗೋಡು, ಮಂಗಳೂರಿನಿಂದ ಬರುವವರಿಗೆ ಚೆರುವತ್ತೂರು ನಿಲ್ದಾಣವೇ ಹತ್ತಿರ, ಆದರೆ ಎಲ್ಲ ರೈಲೂ ನಿಲ್ಲುವುದಿಲ್ಲ. ಬೆಂಗಳೂರಿನವರು ಮಂಗಳೂರು ಮೂಲಕ ಕಣ್ಣೂರಿಗೆ ಹೋಗುವ ರಾತ್ರಿ ರೈಲಿನಲ್ಲಿ ಬಂದು ಪಯ್ಯನ್ನೂರಿನಲ್ಲಿ ಇಳಿಯಬಹುದು. ಜೀನ್ಸ್ ಬೇಡ, ಬೇಗ ಒಣಗುವ ಬಟ್ಟೆ, ಉದ್ದ ತೋಳಿನ ಅಂಗಿ, ಟೋಪಿ. ಕಾಲಿಗೆ ಪಟ್ಟಿ ಇರುವ ಚಪ್ಪಲಿ ಬೇಕೇ ಬೇಕು, ಕೆಸರಿನಲ್ಲಿ ಚಿಪ್ಪುಗಳು ಬ್ಲೇಡಿನ ಹಾಗಿವೆ, ಹವಾಯಿ ಚಪ್ಪಲಿ ಕೆಸರಿಗೇ ಹೋಗುತ್ತದೆ. ತಲೆಗೆ ಎರಡು ಲೀಟರ್ ಕುಡಿಯುವ ನೀರು.

ಊಟಕ್ಕೆ ತೊಂದರೆ ಇಲ್ಲ. ಮೀನು ತಿನ್ನುವವರಿಗಂತೂ ಹಬ್ಬ, ಅಕ್ಕಿ ಹಿಟ್ಟು ತುಂಬಿದ ಪಚ್ಚಿಲೆ ಬಿಸಿಬಿಸಿ ಸಿಕ್ಕರೆ ಬಿಡಬೇಡಿ ಅಂತ ಗೆಳೆಯ ಬರೆಯಲು ಹೇಳಿದ್ದಾನೆ. ನಾವು ಪುಟ್ಟು ಕಡಲೆಯವರು. ಎರಡೂ ದಿನ ಅದನ್ನೇ ತಿಂದೆವು, ಬೇಸರ ಬರಲಿಲ್ಲ.

ಬಿಡುವು ಇದ್ದರೆ ತ್ರಿಕ್ಕರಿಪುರದ ಕಡೆಯ ಇಡಯಿಲಕ್ಕಾಡಿಗೂ ಹೋಗಿ, ನಾಗಬನದ ಹಾಗೆ ದಟ್ಟ ಕಾವು, ಅಂದರೆ ದೇವರಕಾಡು ಇದೆ, ಮಂಗಗಳಿವೆ. ಓಣಂ ಹೊತ್ತಿಗೆ ಆ ಮಂಗಗಳಿಗೆ ಎಲೆ ಹಾಕಿ ಹಬ್ಬದೂಟ ಬಡಿಸುತ್ತಾರೆ. ತಿಂಡಿ ಚೀಲ ಮಾತ್ರ ದೋಣಿಯಲ್ಲಿ ತೆರೆದಿಡಬೇಡಿ.

ದೋಣಿ ಕೊಳ್ಳುವ ಆಸೆ ನನಗೂ ಬಂದಿದೆ. ಆ ಉದ್ದದ್ದೇ ಬೇಕು ಅಂತ ಮನಸ್ಸು, ಅಗಲದ್ದು ಸಾಕು ಅಂತ ಸೊಂಟ. ಇನ್ನೂ ನಾಲ್ಕು ಸಲ ಬೇರೆಯವರ ದೋಣಿಯಲ್ಲಿ ಕೂತು ನೋಡಿ, ಆಮೇಲೆ ದುಡ್ಡು ಬಿಚ್ಚಿ ಅಂತ ಮೇಷ್ಟ್ರು ಹೇಳಿದ್ದಾರೆ. ಅವರ ಮನೆಯಲ್ಲಿ ಮೂರಿವೆ.

ಮತ್ತೆ, ಸೋಮವಾರಕ್ಕೆ ರಜೆ ಹಾಕಿಕೊಂಡೇ ಬನ್ನಿ. ನಾನು ಹಾಕಿರಲಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ಹೆಗಲಿನ ಮಟ್ಟಕ್ಕೆ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ಆ ದಿನ ತಲೆಗೆ ನೀರು ಹೊಯ್ದದ್ದು ಹೆಂಡತಿ, ನಗುತ್ತಾ.