ಸಾಂಬ್ರಾದಲ್ಲಿ ನಿಂತ ವಿಮಾನ

ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕೆಂದರೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು. ಈ ನಿಯಮಗಳ ಪಟ್ಟಿಯಲ್ಲಿ ಒಂದು ಸಾಲು ಎಲ್ಲ ಟ್ರೇನಿಗಳ ಬಾಯಲ್ಲೂ ಇರುತ್ತದೆ. 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ ಒಂದು ಹಾರಾಟ ಮಾಡಬೇಕು, ದಾರಿಯಲ್ಲಿ ಎರಡು ಬೇರೆ ಬೇರೆ ವಿಮಾನ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಂತು ಮತ್ತೆ ಏರಬೇಕು. ಕಿಲೋಮೀಟರಿನಲ್ಲಿ 555ಕ್ಕೂ ಜಾಸ್ತಿ. ಪಕ್ಕದ ಸೀಟಿನಲ್ಲಿ ಯಾರೂ ಇರುವುದಿಲ್ಲ. ನಾವು ಇದನ್ನು ಸುಮ್ನೆ ‘ತ್ರೀ ಹಂಡ್ರೆಡ್’ ಅನ್ನುತ್ತೇವೆ.

ನಾನು ಕಲಿಯುತ್ತಿದ್ದದ್ದು ಕಲಬುರಗಿಯಲ್ಲಿ. ನನಗೆ ಕೊಟ್ಟ ದಾರಿ ಕಲಬುರಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ, ಆಮೇಲೆ ವಿಜಯಪುರದ ಮೇಲಿಂದ ವಾಪಸ್ ಕಲಬುರಗಿ. ಒಟ್ಟು 360 ನಾಟಿಕಲ್ ಮೈಲಿ ಆಸುಪಾಸು. ಅಕ್ಟೋಬರ್ ತಿಂಗಳು. ಮುಂಗಾರು ಹಿಂದೆ ಸರಿಯುವ ಹೊತ್ತು. ಬೆಳಿಗ್ಗೆ ತೊಳೆದಿಟ್ಟಂಥ ಆಕಾಶ, ಮಧ್ಯಾಹ್ನ ಮೋಡ, ಸಂಜೆ ಗುಡುಗು. ಹೀಗಾಗಿ ಬೇಗ ಹೊರಟು ಬೇಗ ಬಂದುಬಿಡಬೇಕು ಅನ್ನುವುದೇ ನಮ್ಮ ಲೆಕ್ಕ.

ಹಿಂದಿನ ರಾತ್ರಿಯೇ ನಕ್ಷೆಯ ಮೇಲೆ ಗೆರೆ ಎಳೆದು, ಪ್ರತಿ ತುಂಡಿನ ದಿಕ್ಕು, ಗಾಳಿಗೆ ತಕ್ಕ ತಿದ್ದುಪಡಿ, ಹಿಡಿಯುವ ಹೊತ್ತು, ಸುಡುವ ಇಂಧನ ಎಲ್ಲವನ್ನೂ ಬರೆದಿಟ್ಟಿದ್ದೆ. ಒಂದು ಡಿಗ್ರಿ ಅತ್ತಿತ್ತ ಆದರೆ 60 ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿರುತ್ತೇವೆ. ಜಿಪಿಎಸ್ ಇದ್ದರೂ ಈ ಲೆಕ್ಕ ಕೈಯಲ್ಲೇ ಮಾಡಬೇಕು ಅಂತ ನಮ್ಮ ಸರ್ ಹಟ ಹಿಡಿಯುತ್ತಿದ್ದರು. ಅವರು ಕೊಡಗಿನವರು, ವಾಯುಪಡೆಯಲ್ಲಿದ್ದು ನಿವೃತ್ತರಾದವರು. ಆ ಹಟಕ್ಕೆ ನಾನು ಇಂದಿಗೂ ಋಣಿ. ಲೆಕ್ಕ ಕೈಯಲ್ಲಿ ಮಾಡಿದಾಗ ದಾರಿ ತಲೆಯೊಳಗೆ ಕೂತುಬಿಡುತ್ತದೆ.

ಬೆಳಿಗ್ಗೆ ಫ್ಲೈಟ್ ಪ್ಲಾನ್ ಸಲ್ಲಿಸಿ, ಎಡಿಸಿ ಮತ್ತು ಎಫ್‌ಐಸಿ ನಂಬರ್ ಪಡೆದುಕೊಂಡೆ. ಎಫ್‌ಐಸಿ ಅಂದರೆ ಹಾರಾಟ ಮಾಹಿತಿ ಕೇಂದ್ರ ಕೊಡುವ ನಂಬರ್, ಎಡಿಸಿ ಅಂದರೆ ವಾಯು ರಕ್ಷಣೆಯ ಅನುಮತಿ. ಅದಿಲ್ಲದೆ ಒಂದು ಸಣ್ಣ ಸೆಸ್ನಾ ಕೂಡ ಊರಿಂದ ಊರಿಗೆ ಹಾರುವ ಹಾಗಿಲ್ಲ. ಆಮೇಲೆ ವಿಮಾನದ ಸುತ್ತ ಒಂದು ಸುತ್ತು ಹಾಕಿ ಎಲ್ಲ ತಪಾಸಣೆ. ಟ್ಯಾಂಕಿನ ಕೆಳಗಿಂದ ಸ್ವಲ್ಪ ಇಂಧನ ಲೋಟಕ್ಕೆ ಇಳಿಸಿ ನೀರು ಬೆರೆತಿಲ್ಲ ಅಂತ ನೋಡಿಕೊಳ್ಳಬೇಕು. ನಮ್ಮ ಆವ್ಗ್ಯಾಸ್, ಅಂದರೆ ಸಣ್ಣ ವಿಮಾನಗಳ ಪೆಟ್ರೋಲ್, ತಿಳಿ ನೀಲಿ ಬಣ್ಣದ್ದು. ಇದು ಎಲ್ಲ ವಿಮಾನ ನಿಲ್ದಾಣಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಟ್ಯಾಂಕ್ ಪೂರ್ತಿ ತುಂಬಿಸಿಕೊಂಡೇ ಹೊರಡಬೇಕು. ಸೆಸ್ನಾ 172ರಲ್ಲಿ ಬಳಸಲು ಸಿಗುವುದು ಸುಮಾರು 200 ಲೀಟರ್, ಗಂಟೆಗೆ 35 ಲೀಟರಿನಷ್ಟು ಖರ್ಚು. ಈ ಎರಡು ಅಂಕಿ ನೆನಪಿಡಿ, ಮುಂದೆ ಬೇಕಾಗುತ್ತವೆ.

ಒಂಬತ್ತಕ್ಕೆ ಹೊರಡಬೇಕಿತ್ತು. ವಿಮಾನ ತಪಾಸಣೆ ಮುಗಿಸಿ ಬರುವುದು ತಡವಾಯಿತು. ರನ್‌ವೇ ಬಿಟ್ಟು ಮೇಲೇಳುವಾಗ ಹತ್ತೂವರೆ ದಾಟಿತ್ತು.

ಮೇಲೆ ಹೋದ ಮೇಲೆ ಆ ಬೇಸರ ಉಳಿಯಲಿಲ್ಲ. ಜೇವರ್ಗಿಯ ಹತ್ತಿರ ಭೀಮಾ ನದಿ ದಾಟಿದಾಗ ಗಡಿಯಾರ ನೋಡಿದೆ, ಬರೆದಿಟ್ಟ ನಿಮಿಷಕ್ಕೆ ಸರಿಯಾಗಿ ಬಂದಿದ್ದೆ. ಕೆಳಗೆ ಕಪ್ಪು ಮಣ್ಣು, ಅದರ ಮೇಲೆ ತೊಗರಿಯ ಹಸಿರು. ನೈಋತ್ಯಕ್ಕೆ ಮುಖ ಮಾಡಿ 6,500 ಅಡಿಯಲ್ಲಿ ಹೋಗುತ್ತಿದ್ದೆ. ಪಶ್ಚಿಮದ ಕಡೆ ಹೋಗುವವರಿಗೆ ಒಂದು ಎತ್ತರ, ಪೂರ್ವದ ಕಡೆ ಬರುವವರಿಗೆ ಇನ್ನೊಂದು. ಎದುರುಬದುರು ಆಗದಿರಲಿ ಅಂತ ಈ ಏರ್ಪಾಡು. ದಾರಿಯ ಅರ್ಧದಷ್ಟಕ್ಕೆ ಬಲಗಡೆ ಆಲಮಟ್ಟಿ ಕಂಡಿತು. ಅಣೆಕಟ್ಟು ತುಂಬಿತ್ತು, ಹಿನ್ನೀರು ಬಾಗಲಕೋಟೆಯ ಕಡೆಗೆ ಹರಡಿಕೊಂಡಿತ್ತು. ಪೇಪರಿನಲ್ಲಿ ಪ್ರತಿ ಮಳೆಗಾಲ ಓದುತ್ತೇವಲ್ಲ, ಆಲಮಟ್ಟಿ 519.60 ಮೀಟರ್ ತುಂಬಿತು ಅಂತ. ಅದು ಸಮುದ್ರ ಮಟ್ಟದಿಂದ ಅಳೆದದ್ದು, ಅಡಿಯಲ್ಲಿ 1,705ರಷ್ಟು. ನನ್ನ ಎತ್ತರವೂ ಸಮುದ್ರ ಮಟ್ಟದ ಲೆಕ್ಕದಲ್ಲೇ. ಅಂದರೆ ನೀರಿಗೂ ನನಗೂ ನಡುವೆ 4,800 ಅಡಿ. ಚಿಕ್ಕಂದಿನಿಂದ ಸುದ್ದಿಯಲ್ಲಿ ಕೇಳಿದ ಒಂದು ಅಂಕಿ ನನ್ನ ಕೆಲಸಕ್ಕೆ ಬಂದದ್ದು ಬಹಳ ಖುಷಿ ಕೊಟ್ಟಿತು.

ಕೃಷ್ಣೆ ದಾಟಿದೆ. ಬಾದಾಮಿಯ ಕೆಂಪು ಬಂಡೆಗಳು ಬಂದವು, ಮಲಪ್ರಭೆ ಬಂದಳು, ಗದಗದ ಕಡೆ ಹೋಗುವ ರೈಲು ಹಳಿ ಬಂತು. ಆಮೇಲೆ ನರಗುಂದದ ಗುಡ್ಡ. ಸುತ್ತ ಬಯಲು, ನಡುವೆ ಅದೊಂದೇ ಎದ್ದು ನಿಂತಿದೆ. ದಾರಿ ಗುರುತು ಅಂದರೆ ಹೀಗಿರಬೇಕು. ನವಲಗುಂದ ದಾಟುವಾಗ ಹುಬ್ಬಳ್ಳಿ ಟವರ್‌ಗೆ ಮಾತಾಡಿದೆ.

ಹುಬ್ಬಳ್ಳಿಯಲ್ಲಿ ಇಳಿದೆ, ನಿಲ್ಲಿಸಿದೆ. ಅಗ್ನಿಶಾಮಕದವರೊಬ್ಬರು ಹತ್ತಿರ ಬಂದು, “ಒಬ್ಬರೇ ಬಂದೀರೇನ್ರೀ?” ಅಂತ ಕೇಳಿದರು. ಹೌದ್ರೀ ಅಂದೆ. “ಎಲ್ಲಿಯವರು?” ರಾಣೆಬೆನ್ನೂರು ಅಂದೆ. ಅವರ ಮುಖ ಅರಳಿದ್ದು ನೋಡಬೇಕಿತ್ತು. ಮತ್ತೆ ಹೊರಡಲು ತಯಾರಾದಾಗ ಪ್ರಯಾಣಿಕರ ವಿಮಾನವೊಂದು ಇಳಿಯಲು ಬರುತ್ತಿತ್ತು. ಅದಕ್ಕೆ ಮೊದಲ ದಾರಿ, ಅದು ಸರಿಯೇ. ಅದು ಇಳಿದು ಒಳಗೆ ಬರುವ ತನಕ ಎಂಜಿನ್ ಓಡಿಸಿಕೊಂಡು ಕಾದೆ. ಬೆಳಗಾವಿಯ ಸಾಂಬ್ರಾದಲ್ಲಿ ಚಕ್ರ ನೆಲಕ್ಕೆ ತಾಗುವಾಗ ಎರಡು ಗಂಟೆ.

ಸಾಂಬ್ರಾದ ಮೇಲೆ ಚೆಂದದ ಬಿಸಿಲಿತ್ತು. ಅಲ್ಲಲ್ಲಿ ಹತ್ತಿಯಂಥ ಬಿಳಿ ಮೋಡ, ಅಷ್ಟೇ. ಕಲಬುರಗಿಯ ಹವಾಮಾನ ವರದಿ ತೆಗೆದು ನೋಡಿದೆ. ಗುಡುಗು ಸಹಿತ ಮಳೆ, ಸಿಬಿ ಮೋಡ.

ಸಿಬಿ ಅಂದರೆ ಕ್ಯುಮುಲೋನಿಂಬಸ್. ಕೆಳಗಿನ ಬಿಸಿ, ತೇವದ ಗಾಳಿ ಮೇಲೇರುತ್ತಾ ಏರುತ್ತಾ 40,000 ಅಡಿಗೂ ಮೇಲೆ ಬೆಳೆಯಬಲ್ಲ ಮೋಡ ಇದು. ಒಳಗೆ ಒಂದು ಕಡೆ ಗಾಳಿ ಮೇಲಕ್ಕೆ ಎಸೆಯುತ್ತದೆ, ಪಕ್ಕದಲ್ಲೇ ಕೆಳಕ್ಕೆ ಒಗೆಯುತ್ತದೆ. ಆಲಿಕಲ್ಲು ಇರುತ್ತದೆ, ಸಿಡಿಲು ಇರುತ್ತದೆ. ನನ್ನ ಸೆಸ್ನಾ ಪೂರ್ತಿ ತುಂಬಿದರೂ 1,157 ಕಿಲೋ. 14,000 ಅಡಿಗಿಂತ ಮೇಲೆ ಹೋಗುವ ಶಕ್ತಿ ಅದಕ್ಕಿಲ್ಲ. ದೊಡ್ಡ ವಿಮಾನಗಳ ಮೂಗಿನಲ್ಲಿ ಹವಾಮಾನ ರಾಡಾರ್ ಇರುತ್ತದೆ, ನನ್ನ ವಿಮಾನದಲ್ಲಿ ನನ್ನ ಕಣ್ಣೇ ರಾಡಾರ್. ಇಂಥ ಮೋಡದಿಂದ ಕನಿಷ್ಠ 20 ಮೈಲಿ ದೂರ ಇರಬೇಕು ಅಂತ ನಮಗೆ ಕಲಿಸುತ್ತಾರೆ. ಹವಾಮಾನದ ಪರೀಕ್ಷೆಗೆ ಇದನ್ನೆಲ್ಲ ಓದಿದ್ದೆ, 70ಕ್ಕಿಂತ ಹೆಚ್ಚು ಅಂಕ ತೆಗೆದು ಪಾಸಾಗಿದ್ದೆ. ಆದರೆ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರು ಬೇರೆ ಇರುತ್ತಾರೆ, ನಾಲ್ಕು ಉತ್ತರವನ್ನೂ ಅವರೇ ಕೊಟ್ಟಿರುತ್ತಾರೆ.

ಅರ್ಧ ಗಂಟೆ ಕಾದೆ. ಮತ್ತೆ ವರದಿ ನೋಡಿದೆ. ಅದೇ. ಮತ್ತೂ ಅರ್ಧ ಗಂಟೆ, ಇನ್ನೂ ಅರ್ಧ ಗಂಟೆ. ಉಪಗ್ರಹ ಚಿತ್ರದಲ್ಲಿ ಬಿಳಿ ಗುಡ್ಡೆ ವಿಜಯಪುರದ ಪೂರ್ವಕ್ಕೆ ಇನ್ನಷ್ಟು ಅಗಲವಾಗಿತ್ತು.

ಅಲ್ಲಿಗೆ ಬಂದಿದ್ದ ಇನ್ನೊಬ್ಬ ಟ್ರೇನಿ ಹೇಳಿದ: “ವಿಜಯಪುರದ ತನಕ ಹೋಗಿ ನೋಡಿ. ದಾರಿ ಕಂಡರೆ ಮುಂದೆ, ಇಲ್ಲದಿದ್ದರೆ ವಾಪಸ್.” ಮಾತು ತಪ್ಪೇನಲ್ಲ. ಹಾಳೆ ತೆಗೆದು ಲೆಕ್ಕ ಹಾಕಿದೆ. ಟ್ಯಾಂಕಿನಲ್ಲಿ ಮೂರು ಗಂಟೆಯ ಇಂಧನ ಉಳಿದಿದೆ. ಕಲಬುರಗಿಗೆ ಒಂದು ಗಂಟೆ ನಲವತ್ತು ನಿಮಿಷ ಬೇಕು. ಮುಟ್ಟಲೇಬಾರದ ಮುಕ್ಕಾಲು ಗಂಟೆಯ ಮೀಸಲು ತೆಗೆದರೆ, ಅಲ್ಲಿ ಇಳಿಯಲಾಗದಿದ್ದಾಗ ಬೇರೆ ಕಡೆ ಹೋಗಲು ಉಳಿಯುವುದು ಅರ್ಧ ಗಂಟೆ. ಅರ್ಧ ಗಂಟೆಯಲ್ಲಿ ಎಲ್ಲಿ ಹೋದರೂ ಅದೇ ಮೋಡದ ಅಕ್ಕಪಕ್ಕವೇ. ವಿಜಯಪುರದ ವಿಮಾನ ನಿಲ್ದಾಣ ಆಗಿನ್ನೂ ಶುರುವಾಗಿರಲಿಲ್ಲ. ಅಲ್ಲಿಂದ ತಿರುಗಿ ಬಂದರೆ ಇಂಧನ ಸಾಕು, ಆದರೆ ಹೊತ್ತು ಸಾಲದು. ನನ್ನದು ಕಣ್ಣಿನಿಂದ ನೋಡಿಕೊಂಡು ಹಾರುವ ಹಾರಾಟ, ಸೂರ್ಯ ಮುಳುಗುವ ಮೊದಲು ನೆಲದಲ್ಲಿರಬೇಕು. ನಾಲ್ಕರ ನಂತರ ಹೊರಟರೆ ಹೋಗಿ ಬರುವಷ್ಟರಲ್ಲಿ ಸಂಜೆಯ ಬೆಳಕಿನ ಅಂಚಿಗೆ ಬಂದಿರುತ್ತೇನೆ.

ಇನ್ನೊಂದು ವಿಷಯ ಹಾಳೆಯ ಮೇಲೆ ಇರಲಿಲ್ಲ. ದುಡ್ಡು. ಪೂರ್ತಿ ತರಬೇತಿಗೆ ಅರ್ಧ ಕೋಟಿಯ ಹತ್ತಿರ ಆಗುತ್ತದೆ. ನಮ್ಮಪ್ಪನದು ಬೀಜದ ಅಂಗಡಿ. ಮನೆ ಪತ್ರ ಬ್ಯಾಂಕಿನಲ್ಲಿದೆ. ಲೈಸೆನ್ಸ್ ಬಂದ ಮೇಲೂ ಏರ್‌ಬಸ್ 320ನಂಥ ವಿಮಾನ ಹಾರಿಸಲು ಟೈಪ್ ರೇಟಿಂಗ್ ಅಂತ ಬೇರೆ ತರಬೇತಿ, ಅದಕ್ಕೆ ಬೇರೆ ಲಕ್ಷಗಳು. ನಡುವೆ ರಾತ್ರಿ ಉಳಿದುಬಿಟ್ಟರೆ ಈ ತ್ರೀ ಹಂಡ್ರೆಡ್ ಅನ್ನು ಒಂದೇ ಹಾರಾಟ ಅಂತ ಒಪ್ಪುತ್ತಾರೋ ಇಲ್ಲವೋ. ಮತ್ತೆ ಹಾರಬೇಕಾದರೆ ಪ್ರತಿ ಗಂಟೆಗೂ ಮತ್ತೆ ಹಣ. ಸಾಲ ಮಾಡಿ ಕಲಿಯುವ ಪ್ರತಿ ಟ್ರೇನಿಯ ಪಕ್ಕದ ಖಾಲಿ ಸೀಟಿನಲ್ಲಿ ಈ ಲೆಕ್ಕ ಕೂತಿರುತ್ತದೆ. ಅದರ ಬಗ್ಗೆ ಯಾವ ಜಾಹೀರಾತಿನಲ್ಲೂ ಹೇಳುವುದಿಲ್ಲ, ಹೇಳಬೇಕು ಅಂತ ನನಗನಿಸುತ್ತದೆ.

ಸರ್‌ಗೆ ಫೋನ್ ಮಾಡಿದೆ. ಅವರು, “ಇಲ್ಲಿ ಸಿಡಿಲು ಬರ್ತಾ ಇದೆ. ನೀನೇನು ಮಾಡ್ತೀಯ?” ಅಂದರು. ಏನು ಮಾಡು ಅಂತ ಹೇಳಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ.

“ನಾನು ಇವತ್ತು ಹೊರಡಲ್ಲ ಸರ್. ಇಲ್ಲೇ ಉಳೀತೀನಿ.”

“ಸರಿ. ವಿಮಾನ ಚೆನ್ನಾಗಿ ಕಟ್ಟು” ಅಂದು ಇಟ್ಟುಬಿಟ್ಟರು.

ಚಕ್ರಕ್ಕೆ ಅಡ್ಡಗಟ್ಟೆ ಇಟ್ಟೆ, ಒಳಗೆ ಕಂಟ್ರೋಲ್ ಲಾಕ್ ಹಾಕಿದೆ, ರೆಕ್ಕೆ ಮತ್ತು ಬಾಲವನ್ನು ಹಗ್ಗದಿಂದ ನೆಲದ ಕೊಂಡಿಗೆ ಬಿಗಿದೆ. ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪಾ, ಇವತ್ತ ಬೆಳಗಾವ್ಯಾಗ ಉಳೀತೀನಿ.”

“ಯಾಕವ್ವಾ, ವಿಮಾನಕ್ಕ ಏನರ ಆತೇನು?”

“ವಿಮಾನ ಚಲೋ ಐತಿ. ಕಲಬುರ್ಗಿ ಕಡೆ ಗುಡುಗು ಮಳಿ ಐತಿ.”

“ಮತ್ತ ರೊಕ್ಕ ಕಟ್ಟಬೇಕಾಗತೈತೇನು?”

“ಆಗಬಹುದು.”

“ಆತು, ಮಾಡೂಣಂತ. ನೀ ಉಂಡು ಮಕ್ಕೋ.”

ಸಾಂಬ್ರಾದ ಈ ವಿಮಾನ ನೆಲೆ ಎರಡನೇ ಮಹಾಯುದ್ಧದ ಕಾಲದ್ದು. ಪಕ್ಕದಲ್ಲೇ ವಾಯುಪಡೆಯ ಏರ್‌ಮೆನ್ ತರಬೇತಿ ಶಾಲೆ ಇದೆ. ಊರೊಳಗೆ ಹೋಗುವ ಆಟೋದಲ್ಲಿ ಕೂತು, ಅಲ್ಲಿ ಕಲಿಯುವ ನನ್ನ ವಯಸ್ಸಿನ ಹುಡುಗರ ಬಗ್ಗೆ ಯೋಚಿಸಿದೆ. ಲಾಡ್ಜಿನಲ್ಲಿ ಇಳಿದು ಊಟ ಮುಗಿಸುವಾಗ ಹಾಸ್ಟೆಲ್ ಗೆಳತಿಯ ಫೋಟೊ ಬಂತು. ಕಲಬುರಗಿಯಲ್ಲಿ ಆರು ಗಂಟೆಗೆ ಮೋಡ ಸರಿದು ಪಶ್ಚಿಮವೆಲ್ಲ ಕೇಸರಿಯಾಗಿತ್ತು. “ಬರಬಹುದಿತ್ತಲ್ಲೇ” ಅಂತ ಬರೆದಿದ್ದಳು. ನಿದ್ದೆ ಬರಲು ಬಹಳ ಹೊತ್ತಾಯಿತು.

ಮರುದಿನ ಬೆಳಿಗ್ಗೆ ಹೊಸ ಎಡಿಸಿ, ಹೊಸ ಎಫ್‌ಐಸಿ. ಗೋಳಗುಮ್ಮಟವನ್ನು ಎಡಕ್ಕೆ ಇಟ್ಟುಕೊಂಡು ವಿಜಯಪುರ ದಾಟಿದೆ. ಮಳೆ ಬಿದ್ದ ಹೊಲಗಳಲ್ಲಿ ನೀರು ಹೊಳೆಯುತ್ತಿತ್ತು. ಇಳಿದ ಮೇಲೆ ಸರ್ ಕೋಣೆಗೆ ಕರೆದು ನನ್ನ ಲೆಕ್ಕದ ಹಾಳೆ ತೆಗೆದುಕೊಂಡು ಸಾಲು ಸಾಲಾಗಿ ನೋಡಿದರು. ನಾನೇ ಬಾಯಿಬಿಟ್ಟೆ:

“ಸರ್, ಆರು ಗಂಟೆಗೆ ಎಲ್ಲ ತಿಳಿಯಾಗಿತ್ತಂತೆ.”

“ಅದು ನಾಲ್ಕು ಗಂಟೆಗೆ ನಿನಗೆ ಗೊತ್ತಿತ್ತಾ?”

“ಇಲ್ಲ ಸರ್.”

“ಹಾಗಾದ್ರೆ ಆರು ಗಂಟೆಯದ್ದು ಯಾಕೆ ಮಾತಾಡ್ತೀಯ? ನಾಲ್ಕು ಗಂಟೆಯದ್ದು ಹೇಳು.”

ಹೇಳಿದೆ. ಮೋಡ ಎಲ್ಲಿತ್ತು, ಯಾವ ಕಡೆ ಬೆಳೆಯುತ್ತಿತ್ತು, ಇಂಧನ ಎಷ್ಟು, ಬೆಳಕು ಎಷ್ಟು. ಅವರು ನಡುನಡುವೆ ಪ್ರಶ್ನೆ ಕೇಳಿದರು. ಗಾಳಿ ಎದುರಾಗಿದ್ದರೆ? ಬೆಳಗಾವಿಯಲ್ಲೂ ಮೋಡ ಕಟ್ಟಿದ್ದರೆ? ಹುಬ್ಬಳ್ಳಿಗೆ ತಿರುಗಬಹುದಿತ್ತಲ್ಲ, ಅದನ್ನು ಯಾಕೆ ಬರೆದಿಲ್ಲ? ಅದು ಮನಸ್ಸಿನಲ್ಲಿತ್ತು ಸರ್ ಅಂದೆ. ಹಾಳೆಯಲ್ಲಿ ಇರಬೇಕು ಅಂದರು. ಆ ಒಂದು ಗಂಟೆಯಲ್ಲಿ ನಾನು ಕಲಿತದ್ದು ಎಷ್ಟೋ ಗಂಟೆಗಳ ಹಾರಾಟಕ್ಕಿಂತ ಜಾಸ್ತಿ. ಹವೆ ಆಮೇಲೆ ಹೇಗೆ ತಿರುಗಿತು ಅನ್ನುವುದು ಅದೃಷ್ಟಕ್ಕೆ ಸೇರಿದ್ದು. ನನ್ನ ಕೈಯಲ್ಲಿದ್ದದ್ದು ಆ ಹೊತ್ತಿಗೆ ಗೊತ್ತಿದ್ದ ಸಂಗತಿಗಳು ಮಾತ್ರ. ಮುಂದೆ ನನ್ನ ಹಿಂದೆ 180 ಜನ ಕೂತಿದ್ದಾಗಲೂ ನಾನು ಉತ್ತರ ಕೊಡಬೇಕಾದದ್ದು ಅದಕ್ಕೇ.

ತ್ರೀ ಹಂಡ್ರೆಡ್ ಮತ್ತೊಮ್ಮೆ ಮಾಡಲು ಸರ್ ಹೇಳಿದರು. ಲೈಸೆನ್ಸಿನ ಕಾಗದ ಪರಿಶೀಲಿಸುವಾಗ ಯಾರೂ ಬೊಟ್ಟು ಮಾಡುವ ಹಾಗಿರಬಾರದು ಅನ್ನುವುದು ಅವರ ವಾದ. ಮೊದಲ ಹಾರಾಟದ ಗಂಟೆಗಳು ವ್ಯರ್ಥವಾಗಲಿಲ್ಲ. ಕಮಾಂಡ್ ಗಂಟೆಗಳ ಲೆಕ್ಕಕ್ಕೆ ಸೇರಿದವು, ಅವು ಹೇಗೂ ಬೇಕಿದ್ದವೇ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿದಾಗ ಅವರಿಗೆ ಸಮಾಧಾನವಾಯಿತು. ಡಿಸೆಂಬರಿನಲ್ಲಿ, ಮೋಡವೇ ಇಲ್ಲದ ಒಂದು ದಿನ, ಅದೇ ದಾರಿಯಲ್ಲಿ ಹೋಗಿ ಬಂದೆ. ಈ ಸಲ ಹಾಳೆಯಲ್ಲಿ ಪ್ರತಿ ತುಂಡಿನ ಪಕ್ಕಕ್ಕೂ, ಮುಂದೆ ಹೋಗಲಾಗದಿದ್ದರೆ ಎಲ್ಲಿಗೆ, ಎಷ್ಟು ನಿಮಿಷ, ಎಷ್ಟು ಲೀಟರ್ ಅಂತ ಬರೆದುಕೊಂಡಿದ್ದೆ. ಈಗ ಎರಡು ಎಂಜಿನ್ನಿನ ವಿಮಾನದ ತರಬೇತಿ ಮತ್ತು ಉಪಕರಣಗಳನ್ನಷ್ಟೇ ನೋಡಿ ಹಾರಲು ಬೇಕಾದ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆ ಬಾಕಿ ಇವೆ. ಅವಕ್ಕೂ ಇಂಥದೇ ಹಾಳೆ ಮಾಡಿಕೊಂಡು ಕೂತಿದ್ದೇನೆ.